ತೊಟ್ಟಿಲು ಕಟ್ಟದ ಮನೆ: ಸಂತಾನದ ನಿರ್ಧಾರ ಯಾರದು?

ಮಠಕ್ಕೆ ಬರುವ ಭಕ್ತರು ಪೂಜೆ, ಪ್ರಸಾದಗಳು ಮುಗಿದ ಬಳಿಕ ತೋಡಿಕೊಳ್ಳುವ ಮಾತುಗಳು ಬಹುಮಟ್ಟಿಗೆ ಮಳೆ, ಬೆಳೆ, ಸಾಲ, ಮಕ್ಕಳ ಮದುವೆಗಳನ್ನು ಕುರಿತವು. ಈಚಿನ ವರ್ಷಗಳಲ್ಲಿ ಆ ಸಾಲಿಗೆ ಮತ್ತೊಂದು ಸೇರಿದೆ. “ಅಜ್ಜಾರ, ಮದುವಿ ಆಗಿ ಐದು ವರ್ಷ ಆತ್ರಿ. ಮಗಾ, ಸೊಸಿ ಇಬ್ಬರೂ ಮಕ್ಕಳು ಬ್ಯಾಡ ಅಂತಾರ. ನೀವರ ಒಂದು ಮಾತು ಹೇಳ್ರಿ” ಎಂದು ಹಿರಿಯರು ಕೇಳುತ್ತಾರೆ. ಅದೇ ಮನೆಯ ಮಗ-ಸೊಸೆ ಹುಬ್ಬಳ್ಳಿಯಿಂದಲೋ ಬೆಂಗಳೂರಿನಿಂದಲೋ ಜಾತ್ರೆಗೆ ಬಂದಾಗ ಅವರ ಪ್ರಶ್ನೆ ಬೇರೆ: “ಮಕ್ಕಳನ್ನು ಹೆರದಿದ್ದರೆ ಧರ್ಮಕ್ಕೆ ತಪ್ಪಿ ನಡೆದಂತಾಗುವುದೇ?” ಎರಡೂ ಪ್ರಶ್ನೆಗಳು ಪ್ರಾಮಾಣಿಕವಾದವು. ಆದ್ದರಿಂದ ಎರಡಕ್ಕೂ ಸೇರಿದಂತೆ ನಾವು ತಿಳಿದಷ್ಟನ್ನು ಇಲ್ಲಿ ನಿವೇದಿಸುತ್ತೇವೆ.

ನಮ್ಮ ಸೀಮೆಯಲ್ಲಿ ತೊಟ್ಟಿಲಿಗೆ ಇರುವ ಮಾನ ಬೇರೆ ಯಾವ ಮರದ ಸಾಮಾನಿಗೂ ಇಲ್ಲ. ಕಲಘಟಗಿಯ ಕುಶಲಕರ್ಮಿಗಳು ಸಾಗವಾನಿ ಮರದಲ್ಲಿ ಮಾಡಿ, ಅರಗಿನ ಬಣ್ಣ ಹಚ್ಚಿ, ಪುರಾಣದ ಚಿತ್ರಗಳನ್ನು ಬರೆದು ಕೊಡುವ ತೊಟ್ಟಿಲುಗಳು ನಾಡಿನಾಚೆಗೂ ಹೆಸರಾಗಿವೆ. ಚೊಚ್ಚಲ ಕೂಸಿಗೆ ತವರುಮನೆಯವರು ಅಂಥ ತೊಟ್ಟಿಲು ತಂದರೆ ಊರೇ ನೋಡಲು ಬರುತ್ತದೆ. ಇತ್ತ ನವಲಗುಂದದಲ್ಲಿ ಹೋಳಿಹುಣ್ಣಿಮೆಗೆ ಕೂರುವ ರಾಮಲಿಂಗ ಕಾಮಣ್ಣನಿಗೆ ಸಂತಾನ ಬಯಸುವ ದಂಪತಿಗಳು ಬೆಳ್ಳಿಯ ತೊಟ್ಟಿಲಿನ ಹರಕೆ ಹೊರುತ್ತಾರೆ. ಇಂಥ ನೆಲದಲ್ಲಿ ತೊಟ್ಟಿಲು ಕಟ್ಟುವುದಿಲ್ಲವೆಂದು ಗಂಡ ಹೆಂಡತಿ ಹೇಳಿದರೆ ಹಿರಿಯರ ಎದೆ ನಡುಗುವುದು ಸಹಜವೇ. ಆ ನಡುಕವನ್ನು ಹಳೆಯ ಕಾಲದ ಮೌಢ್ಯವೆಂದು ಕಿರಿಯರು ತಳ್ಳಿಹಾಕುವುದು ತರವಲ್ಲ. ಆದರೆ ಆ ನಡುಕವೇ ಧರ್ಮವೆಂದು ಹಿರಿಯರು ಭಾವಿಸುವುದೂ ಸರಿಯಲ್ಲ.

ಮೊದಲು ತತ್ತ್ವದ ಮಾತು. ಮಗನಿಲ್ಲದವನಿಗೆ ಸದ್ಗತಿಯಿಲ್ಲ, ಪಿಂಡ ಹಾಕುವವನಿಲ್ಲದಿದ್ದರೆ ಪಿತೃಗಳು ನರಕದಲ್ಲಿ ಉಳಿಯುತ್ತಾರೆ ಎಂಬ ನಂಬಿಕೆ ಭಾರತದಲ್ಲಿ ಬಹಳ ಹಳೆಯದು. ಅದು ಲಿಂಗಾಯತದ ನಂಬಿಕೆಯಲ್ಲ. ನಮ್ಮಲ್ಲಿ ಪಿಂಡಪ್ರದಾನವಿಲ್ಲ, ಶ್ರಾದ್ಧವಿಲ್ಲ, ಚಿತೆಗೆ ಬೆಂಕಿ ಇಡಲು ಮಗನೇ ಬೇಕೆಂಬ ಮಾತೂ ಇಲ್ಲ; ಏಕೆಂದರೆ ಚಿತೆಯೇ ಇಲ್ಲ. ಲಿಂಗೈಕ್ಯರಾದವರನ್ನು ಕೂರಿಸಿ, ಅಂಗೈಯಲ್ಲಿ ಇಷ್ಟಲಿಂಗವಿರಿಸಿ, ಸಮಾಧಿ ಮಾಡುತ್ತೇವೆ. ಅವರ ಗತಿಯನ್ನು ನಿರ್ಧರಿಸುವುದು ಅವರ ಕಾಯಕ, ಅವರ ದಾಸೋಹ, ಅವರ ಲಿಂಗನಿಷ್ಠೆ. ಹೆತ್ತ ಮಗ ಅದಕ್ಕೆ ಒಂದು ಎಳ್ಳಷ್ಟನ್ನೂ ಕೂಡಿಸಲಾರ, ಕಳೆಯಲಾರ. ಆದುದರಿಂದ ಮೋಕ್ಷಕ್ಕಾಗಿ ಮಕ್ಕಳು ಬೇಕೆಂಬ ವಾದ ನಮ್ಮ ಮನೆಗಳಲ್ಲಿ ಕೇಳಿಬಂದರೆ ಅದು ನೆರೆಮನೆಯಿಂದ ತಂದ ಕಡವೇ ಹೊರತು ಸ್ವಂತದ್ದಲ್ಲ.

ಹಾಗೆಂದು ಶರಣರು ಸಂಸಾರವನ್ನು ಹಳಿದವರೂ ಅಲ್ಲ. ಗರ್ಭದಲ್ಲಿರುವ ಕೂಸಿಗೇ ಎಂಟನೆಯ ತಿಂಗಳಲ್ಲಿ ಲಿಂಗಧಾರಣೆ ಮಾಡುವ ಧರ್ಮವಿದು. ಹುಟ್ಟು ಇಲ್ಲಿ ಹಬ್ಬ, ಹೆರಿಗೆಗೆ ಸೂತಕವೂ ಇಲ್ಲ. ಕಲ್ಯಾಣದಲ್ಲಿ ಮಕ್ಕಳೊಂದಿಗರೂ ಇದ್ದರು, ಎಲ್ಲವನ್ನೂ ಬಿಟ್ಟುಬಂದ ಅಕ್ಕಮಹಾದೇವಿಯೂ ಇದ್ದಳು. ಅನುಭವ ಮಂಟಪದಲ್ಲಿ ಇಬ್ಬರಿಗೂ ಆಸನ ಒಂದೇ ಎತ್ತರದಲ್ಲಿತ್ತು. ಹರಳಯ್ಯನವರ ಮನೆತನವನ್ನು ನೆನೆಯುವಾಗ ಮಗ ಶೀಲವಂತನ ಹೆಸರೂ ಬರುತ್ತದೆ. ಆಯ್ದಕ್ಕಿ ಲಕ್ಕಮ್ಮ-ಮಾರಯ್ಯ ದಂಪತಿಯನ್ನು ನೆನೆಯುವಾಗ, ಗಂಡ ಅಗತ್ಯಕ್ಕಿಂತ ಹೆಚ್ಚು ತಂದ ಅಕ್ಕಿಯನ್ನು ಹೆಂಡತಿ ಮರಳಿಸಿದ ಕಥೆ ಬರುತ್ತದೆ. ಅವರಿಗೆ ಮಕ್ಕಳೆಷ್ಟು ಎಂದು ಯಾವ ಭಕ್ತರೂ ನಮ್ಮನ್ನು ಈವರೆಗೆ ಕೇಳಿಲ್ಲ.

ಇನ್ನೊಂದು ಸಂಗತಿ ಎಲ್ಲರ ಕಣ್ಣೆದುರೇ ಇದ್ದೂ ಹೊಳೆಯುವುದಿಲ್ಲ. ವಿರಕ್ತ ಮಠಗಳು ನೂರಾರು ವರ್ಷಗಳಿಂದ ನಡೆದುಬಂದಿರುವುದು ಒಂದೇ ಒಂದು ಹೆರಿಗೆಯಿಲ್ಲದೆ. ರಕ್ತದಿಂದ ಬರುವುದನ್ನು ಬಿಂದುಸಂತಾನವೆಂದೂ ಉಪದೇಶದಿಂದ ಬರುವುದನ್ನು ನಾದಸಂತಾನವೆಂದೂ ಹಿರಿಯರು ಕರೆದರು. ಗುರುವಿಗೆ ಶಿಷ್ಯನೇ ಮಗ. ಮಕ್ಕಳಿಲ್ಲದ ಸ್ವಾಮಿಗಳ ಪಾದಕ್ಕೆರಗಿ ‘ನಮ್ಮ ಸೊಸೆಗೆ ಮಕ್ಕಳಿಲ್ಲ, ಮನೆಗೆ ಅರಿಷ್ಟ’ ಎನ್ನುವವರು ಒಮ್ಮೆ ತಲೆಯೆತ್ತಿ ಎದುರಿಗಿರುವವರನ್ನು ನೋಡಬಹುದು.

ಹಾಗಾದರೆ ವಾರಸುದಾರನಿಲ್ಲವೆಂಬ ಭಯ ಇಷ್ಟು ಆಳಕ್ಕಿಳಿದದ್ದು ಹೇಗೆ? ನಮ್ಮ ಪ್ರದೇಶದ ಇತಿಹಾಸದಲ್ಲಿ ಅದಕ್ಕೆ ಕಾರಣವುಂಟು. 1824ರಲ್ಲಿ ಕಿತ್ತೂರಿನ ದೇಸಾಯಿ ಶಿವಲಿಂಗರುದ್ರಸರ್ಜ ಸಂತಾನವಿಲ್ಲದೆ ತೀರಿಕೊಂಡಾಗ ದತ್ತಕವನ್ನು ಒಪ್ಪಲು ಧಾರವಾಡದ ಕಲೆಕ್ಟರ್ ಥ್ಯಾಕರೆ ಸಿದ್ಧನಿರಲಿಲ್ಲ. ರಾಣಿ ಚೆನ್ನಮ್ಮ ಕತ್ತಿ ಹಿಡಿದದ್ದು ಆ ಹಕ್ಕಿಗಾಗಿ. ಅಕ್ಟೋಬರ್ 23ರಂದು ಥ್ಯಾಕರೆ ಕಿತ್ತೂರಿನ ಕೋಟೆಯೆದುರು ಸತ್ತ. ಮೂವತ್ನಾಲ್ಕು ವರ್ಷಗಳ ಬಳಿಕ, 1858ರಲ್ಲಿ, ನವಲಗುಂದದ ನೆರೆಯ ನರಗುಂದದಲ್ಲಿ ಬಾಬಾಸಾಹೇಬನ ದಂಗೆಗೂ ದತ್ತಕದ ನಿರಾಕರಣೆಯೇ ಒಂದು ಕಾರಣವಾಯಿತು. ಆ ಕಾಲದಲ್ಲಿ ಮಗನಿಲ್ಲವೆಂದರೆ ಸಂಸ್ಥಾನವೇ ಪರರ ಪಾಲು. ಆ ಭಯ ರಾಜ್ಯಕ್ಕೆ ಸಂಬಂಧಿಸಿದ್ದು, ಮೋಕ್ಷಕ್ಕಲ್ಲ. ಸಂಸ್ಥಾನಗಳು ಹೋದವು, ನಾಲ್ಕು ಎಕರೆ ಎರಿಭೂಮಿಯ ಮನೆಗಳಲ್ಲಿ ಭಯ ಮಾತ್ರ ಉಳಿದುಕೊಂಡಿತು.

ಇದೇ ನೆಲದಲ್ಲಿ ಇನ್ನೊಂದು ಬಗೆಯ ಉತ್ತರವೂ ಹುಟ್ಟಿತು. ಶಿಗ್ಲಿಯಲ್ಲಿ 1861ರಲ್ಲಿ ಜನಿಸಿ, ಬಾಲ್ಯದಲ್ಲೇ ಸಿರಸಂಗಿ ದೇಸಗತಿಗೆ ದತ್ತು ಬಂದ ಲಿಂಗರಾಜರು 1904ರಲ್ಲಿ ಧಾರವಾಡದಲ್ಲಿ ನೆರೆದ ಮೊದಲ ವೀರಶೈವ ಮಹಾಸಭೆಯ ಅಧ್ಯಕ್ಷರಾಗಿದ್ದವರು. ಅವರಿಗೆ ಮಕ್ಕಳಿರಲಿಲ್ಲ. ದತ್ತಕದ ದಾರಿ ಅವರಿಗೆ ಅಪರಿಚಿತವೇನಲ್ಲ, ಸ್ವತಃ ಆ ದಾರಿಯಿಂದ ಬಂದವರು. ಆದರೂ 1906ರಲ್ಲಿ ತೀರಿಕೊಳ್ಳುವ ಮುನ್ನ ಅವರು ಬರೆದ ಮೃತ್ಯುಪತ್ರ ಆಸ್ತಿಯನ್ನು ಸಮಾಜದ ಮಕ್ಕಳ ವಿದ್ಯೆಗೆ ಮೀಸಲಿಟ್ಟಿತು. ನವಲಗುಂದ-ಶಿರಸಂಗಿ ಹೆಸರಿನ ಆ ಟ್ರಸ್ಟಿನ ನೆರವಿನಿಂದ ಓದಿದವರ ಸಂತತಿ ಇಂದು ಎಲ್ಲೆಲ್ಲೋ ಹರಡಿದೆ. ಬೆಳಗಾವಿಯಲ್ಲಿ ಲಿಂಗರಾಜ ಕಾಲೇಜಿನ ಫಲಕದ ಮೇಲೆ ಅವರ ಹೆಸರನ್ನು ಓದುವ ವಿದ್ಯಾರ್ಥಿಗಳಲ್ಲಿ ಅವರ ರಕ್ತದವರು ಯಾರೂ ಇಲ್ಲ.

ಇನ್ನು ಇಂದಿನ ಸ್ಥಿತಿ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 1992-93ರ ಮೊದಲ ಸುತ್ತಿನಲ್ಲಿ ಕರ್ನಾಟಕದ ಒಬ್ಬ ಮಹಿಳೆಗೆ ಸರಾಸರಿ 2.9ರ ಆಸುಪಾಸು ಮಕ್ಕಳಿದ್ದರು. 2019-21ರ ಸುತ್ತಿಗೆ ಅದು 1.7ಕ್ಕೆ ಇಳಿಯಿತು. ಜನಸಂಖ್ಯೆ ಇದ್ದಷ್ಟೇ ಉಳಿಯಲು 2.1 ಬೇಕು. ಈ ಇಳಿಕೆಗೆ ಮುಖ್ಯ ಕಾರಣ ಒಂದು-ಎರಡಕ್ಕೆ ನಿಲ್ಲಿಸುವವರು; ಮಕ್ಕಳೇ ಬೇಡವೆನ್ನುವವರು ಇನ್ನೂ ಕಡಿಮೆ. ಆದರೂ ಈ ಅಂಕಿಗಳನ್ನು ಹಿಡಿದು ‘ನಮ್ಮ ಸಮಾಜದ ತಲೆಯೆಣಿಕೆ ಕುಗ್ಗುತ್ತಿದೆ, ಹೆಚ್ಚು ಹೆರಿ’ ಎಂದು ವೇದಿಕೆಗಳಿಂದ ಕರೆಕೊಡುವವರುಂಟು. ಈ ಮಾತನ್ನು ನಾವು ಒಪ್ಪುವುದಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಶರಣ ಸಮೂಹ ಬೆಳೆದದ್ದು ಹೆರಿಗೆಯಿಂದಲ್ಲ, ದೀಕ್ಷೆಯಿಂದ. ಕಸಗುಡಿಸುವವರು, ಚಮ್ಮಾರರು, ಅಂಬಿಗರು, ದೊರೆಗಳು ಲಿಂಗ ಪಡೆದು ಒಂದಾದದ್ದರಿಂದ. ಹೆಣ್ಣಿನ ಗರ್ಭವನ್ನು ಜಾತಿಯ ಲೆಕ್ಕದ ಪುಸ್ತಕವಾಗಿಸುವುದು ಆ ಇತಿಹಾಸಕ್ಕೆ ಮಾಡುವ ಅಪಚಾರ.

ಮಕ್ಕಳು ಬೇಡವೆನ್ನುವವರ ಕಾರಣಗಳನ್ನು ಕುಳಿತು ಕೇಳಿದರೆ ಅವು ಚಪಲದ ಮಾತುಗಳಲ್ಲವೆಂಬುದು ತಿಳಿಯುತ್ತದೆ. ಮಳೆಯನ್ನೇ ನಂಬಿದ ಹೆಸರು, ಹತ್ತಿ, ಮೆಣಸಿನಕಾಯಿಯ ಬೇಸಾಯ. ಮಹದಾಯಿಯ ನೀರಿಗಾಗಿ ದಶಕಗಳಿಂದ ಕಾಯುತ್ತಿರುವ ನವಲಗುಂದ, ಅಣ್ಣಿಗೇರಿ. ನಗರದಲ್ಲಿ ಶಾಲೆಯ ಶುಲ್ಕ, ಬಾಡಿಗೆ. ಒಬ್ಬಳು ತಂಗಿಯಂದಿರನ್ನು ಎತ್ತಿ ಬೆಳೆಸಿಯೇ ದಣಿದಿರುತ್ತಾಳೆ. ಇನ್ನೊಬ್ಬಳಿಗೆ ಹೆರಿಗೆಯಿಂದ ಪ್ರಾಣಕ್ಕೇ ಅಪಾಯವಿರುತ್ತದೆ. ಕೆಲವರಿಗೆ ಸುಮ್ಮನೆ ಆಸೆಯೇ ಇರುವುದಿಲ್ಲ, ಅದೂ ಒಂದು ಕಾರಣವೇ. ಹಿರಿಯರ ಪ್ರಶ್ನೆಗಳೂ ಹಗುರವಾದವಲ್ಲ: ಮುಪ್ಪಿನಲ್ಲಿ ಆಸ್ಪತ್ರೆಗೆ ಕರೆದೊಯ್ಯುವವರು ಯಾರು? ಹೊಲ ನೋಡುವವರು ಯಾರು? ಇವಕ್ಕೆ ಉತ್ತರ ಸಿದ್ಧವಿಲ್ಲದೆ ‘ನಮ್ಮ ಇಷ್ಟ’ ಎಂದಷ್ಟೇ ಹೇಳುವುದು ಸಾಲದು. ಆದರೆ ಮಕ್ಕಳಿದ್ದೂ ಒಂಟಿಯಾಗಿ ಕಟ್ಟೆಯ ಮೇಲೆ ಕುಳಿತಿರುವ ಎಷ್ಟು ಹಿರಿಯರು ನಮ್ಮ ಊರುಗಳಲ್ಲಿ ಇಲ್ಲ? ಊರುಗೋಲಾಗಲೆಂದೇ ಹೆತ್ತ ಮಗು ತನ್ನ ಕಾಲ ಮೇಲೆ ತಾನು ನಡೆಯತೊಡಗಿದಾಗ ಎರಡೂ ಕಡೆ ನೋವು.

ನಮ್ಮ ಅಭಿಪ್ರಾಯ ಇಷ್ಟು: ನಿರ್ಧಾರ ಗಂಡ-ಹೆಂಡತಿ ಇಬ್ಬರದು, ಇಬ್ಬರದೂ ಸಮನಾಗಿ. ಅತ್ತೆಯ ಬಾಯಿ ಮುಚ್ಚಿಸಲು, ಮುರಿಯುತ್ತಿರುವ ದಾಂಪತ್ಯವನ್ನು ಹೊಲಿಯಲು, ಗಂಡು ಆಗಲಿಲ್ಲವೆಂದು ಮತ್ತೊಮ್ಮೆ ನೋಡಲು ಹೆರಬಾರದು. ಒಬ್ಬರಿಗೆ ಬೇಕು, ಒಬ್ಬರಿಗೆ ಬೇಡವೆಂದಾದರೆ ಅದು ಕಠಿಣ. ಮದುವೆಯ ನಂತರ ಆ ಗಂಟು ಬಿಡಿಸುವುದು ಬಹಳ ಕಷ್ಟ. ಆದುದರಿಂದ ಕನ್ಯಾ ನೋಡಲು ಹೋದಾಗಲೇ ಹುಡುಗ-ಹುಡುಗಿ ಈ ಮಾತನ್ನು ತಮ್ಮೊಳಗೆ ಆಡಿಕೊಳ್ಳಲು ಹಿರಿಯರು ಅರ್ಧ ತಾಸು ಬಿಡುವು ಕೊಡಬೇಕು. ಎಷ್ಟು ತೊಲ ಬಂಗಾರವೆಂದು ನಾಲ್ಕು ಬೈಠಕ್ ನಡೆಸುವವರಿಗೆ ಇದು ಹೆಚ್ಚಿನ ಹೊತ್ತೇನಲ್ಲ.

ಬೇಡವೆಂದವರನ್ನೂ ಆಗದವರನ್ನೂ ಜನ ಒಂದೇ ಮಾತಿನಿಂದ ಚುಚ್ಚುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಜಗತ್ತಿನಲ್ಲಿ ಸುಮಾರು ಆರರಲ್ಲಿ ಒಬ್ಬರು ಬದುಕಿನ ಒಂದು ಹಂತದಲ್ಲಿ ಬಂಜೆತನವನ್ನು ಅನುಭವಿಸುತ್ತಾರೆ. ಕಾರಣ ಗಂಡಸಿನಲ್ಲಿಯೂ ಇರಬಹುದು, ಬಹಳ ಸಲ ಇರುತ್ತದೆ. ಆದರೂ ಹರಕೆ, ಉಪವಾಸ, ಔಷಧಿ ಎಲ್ಲವೂ ಹೆಂಗಸಿನ ಪಾಲಿಗೆ. ವೈದ್ಯರಲ್ಲಿಗೆ ಹೋಗುವುದಾದರೆ ಗಂಡನೂ ಮೊದಲ ದಿನವೇ ಹೋಗಲಿ. ಅವನ ಪರೀಕ್ಷೆ ಹೆಚ್ಚು ಸುಲಭ, ಖರ್ಚೂ ಕಡಿಮೆ. ಮಕ್ಕಳಾಗಲಿಲ್ಲವೆಂದು ಇನ್ನೊಂದು ಮದುವೆ ಮಾಡುವ ಮಾತು ಇಂದಿಗೂ ಕೆಲವು ಮನೆಗಳಲ್ಲಿ ಏಳುತ್ತದೆ. 1955ರ ವಿವಾಹ ಕಾಯ್ದೆ ಲಿಂಗಾಯತರಿಗೂ ಅನ್ವಯಿಸುತ್ತದೆ. ಹೆಂಡತಿ ಇರುವಾಗ ಎರಡನೆಯ ಮದುವೆ ಅಪರಾಧ, ಆಕೆ ಒಪ್ಪಿದರೂ ಅಪರಾಧ. ಕುಂದಗೋಳ, ಅಣ್ಣಿಗೇರಿಯ ಕಡೆ ಒಕ್ಕಲುತನದ ಮನೆಗಳ ಹುಡುಗರು ಕನ್ಯಾ ಸಿಗದೆ ನಲವತ್ತಕ್ಕೆ ಬರುತ್ತಿದ್ದಾರೆ. ಅವರೂ ಆರಿಸಿಕೊಳ್ಳದೆಯೇ ಸಂತಾನವಿಲ್ಲದವರು. ಅವರ ಮುಂದೆಯೂ ನಾಲಿಗೆ ಹಿಡಿತದಲ್ಲಿರಲಿ.

ಮಕ್ಕಳಿಲ್ಲದ ದಂಪತಿಗಳು ಕಾನೂನಿನ ಕೆಲವು ಸಂಗತಿಗಳನ್ನು ಅವಶ್ಯವಾಗಿ ತಿಳಿದಿರಬೇಕು, ಏಕೆಂದರೆ ಹಾನಿಯಾಗುವುದು ಇಲ್ಲಿಯೇ. ಮಕ್ಕಳಿಲ್ಲದೆ ಗಂಡ ತೀರಿಕೊಂಡರೆ ಹೊಲ ಅವನ ಅಣ್ಣತಮ್ಮಂದಿರಿಗೆ ಮರಳುತ್ತದೆಂದು ಹಳ್ಳಿಗಳಲ್ಲಿ ಇನ್ನೂ ನಂಬಿದ್ದಾರೆ. 1956ರ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಅವನ ಪಾಲು ಸಿಗುವುದು ಹೆಂಡತಿಗೆ, ತಾಯಿ ಬದುಕಿದ್ದರೆ ಇಬ್ಬರಿಗೂ ಸಮನಾಗಿ. ಆದರೆ ಆ ಹೆಂಡತಿ ಮೃತ್ಯುಪತ್ರ ಬರೆಯದೆ ತೀರಿಕೊಂಡರೆ, ಗಂಡನಿಂದ ಬಂದದ್ದು ಗಂಡನ ವಾರಸುದಾರರಿಗೂ ತಂದೆ-ತಾಯಿಯಿಂದ ಬಂದದ್ದು ತಂದೆಯ ವಾರಸುದಾರರಿಗೂ ಹೋಗುತ್ತದೆ. ಕೊನೆಗಾಲದಲ್ಲಿ ಗಂಜಿ ಕಾಯಿಸಿ ಕೊಟ್ಟವಳಿಗೆ ಏನೂ ಉಳಿಯದಿರಬಹುದು. ಮೃತ್ಯುಪತ್ರಕ್ಕೆ ಸ್ಟಾಂಪ್ ಕಾಗದ ಬೇಕಿಲ್ಲ. ಇಬ್ಬರು ಸಾಕ್ಷಿಗಳು ಎದುರಿಗಿದ್ದು ಸಹಿ ಮಾಡಬೇಕು. ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಒಳಿತು.

ಅಣ್ಣನ ಮಗನನ್ನು ‘ಇಟ್ಟುಕೊಂಡಿದ್ದೇವೆ’ ಎಂದರೆ ದತ್ತಕವಾಗುವುದಿಲ್ಲ. ಹೆತ್ತವರು ಮಗುವನ್ನು ದತ್ತಕವೆಂದೇ ಕೊಟ್ಟು, ದತ್ತು ಪಡೆಯುವವರು ಸ್ವೀಕರಿಸಿರಬೇಕು; ದತ್ತುಪತ್ರದ ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಒಳಿತು. ಹೆಣ್ಣುಮಗುವನ್ನೂ ದತ್ತು ಪಡೆಯಬಹುದು, ಹೆಂಡತಿಯ ಒಪ್ಪಿಗೆಯಿಲ್ಲದೆ ಗಂಡ ಯಾರನ್ನೂ ಪಡೆಯಲಾಗದು. ಮುಪ್ಪಿನಲ್ಲಿ ನೋಡಿಕೊಳ್ಳುವನೆಂಬ ಭರವಸೆಯಿಂದ ಸಂಬಂಧಿಗೆ ಹೊಲ ದಾನವಾಗಿ ಕೊಡುವವರು ಆ ಷರತ್ತನ್ನು ಪತ್ರದಲ್ಲಿಯೇ ಬರೆಸಬೇಕು. ಹಾಗೆ ಬರೆಸಿದ್ದು ಅವನು ನೋಡಿಕೊಳ್ಳದಿದ್ದರೆ 2007ರ ಹಿರಿಯ ನಾಗರಿಕರ ಕಾಯ್ದೆಯಡಿ ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿಯಲ್ಲಿ ಅದನ್ನು ರದ್ದುಪಡಿಸಿಕೊಳ್ಳಬಹುದು. ಸಂತಾನವಿಲ್ಲದ ಹಿರಿಯರು ತಮ್ಮ ಆಸ್ತಿಗೆ ವಾರಸುದಾರನಾಗುವ ಸಂಬಂಧಿಯಿಂದ ಜೀವನಾಂಶ ಕೇಳುವ ಹಕ್ಕೂ ಅದೇ ಕಾಯ್ದೆಯಲ್ಲಿದೆ.

ಕುಬಸದ ಮನೆಯಲ್ಲಿ, ತೊಟ್ಟಿಲು ಹಾಕುವ ಮನೆಯಲ್ಲಿ ಮಕ್ಕಳಿಲ್ಲದ ಹೆಣ್ಣುಮಗಳನ್ನು ಹಿಂದಿನ ಸಾಲಿಗೆ ಸರಿಸುವ, ಅವಳ ಕೈಯಿಂದ ಉಡಿ ತುಂಬಿಸದ ರೂಢಿ ನಮ್ಮ ಕಡೆ ಇನ್ನೂ ಇದೆ. ಲಿಂಗವಂತೆಯ ಕೈ ಅಮಂಗಲವೆನ್ನುವುದಕ್ಕೆ ನಮ್ಮ ಧರ್ಮದಲ್ಲಿ ಯಾವ ಆಧಾರವೂ ಇಲ್ಲ. ಮುಂದಿನ ಕುಬಸದ ಕರೆಯೋಲೆ ಬರೆಯುವ ಮನೆಯವರು ಆ ಸೋದರತ್ತೆಯನ್ನೋ ಚಿಕ್ಕಮ್ಮನನ್ನೋ ಮೊದಲು ಕರೆಯಲಿ, ಮೊದಲ ಉಡಿಯನ್ನು ಅವಳಿಂದಲೇ ತುಂಬಿಸಲಿ.