ಒಂದು ಫ್ರೇಮಿನ ಅಂತರ

ಮಿಜಾರಿನಲ್ಲಿ ಮೈಕ್ ತೆರೆದರೆ ಮೊದಲು ನುಗ್ಗುವುದು ಹೆದ್ದಾರಿಯ ಸದ್ದು. ಮಂಗಳೂರಿನಿಂದ ಗುರುಪುರ, ಕೈಕಂಬ, ಗಂಜಿಮಠ, ಎಡಪದವು ಹಾದು ಮೂಡುಬಿದಿರೆಗೆ ಏರುವ ರಾಷ್ಟ್ರೀಯ ಹೆದ್ದಾರಿ 169 ಈ ಊರನ್ನು ಸೀಳಿಕೊಂಡೇ ಹೋಗುತ್ತದೆ. ಖಾಸಗಿ ಬಸ್ಸಿನ ಹಾರ್ನು, ಕಂಡಕ್ಟರನ ಸೀಟಿ, ಬಿಕರ್ನಕಟ್ಟೆಯಿಂದ ಸಾಣೂರಿನವರೆಗಿನ ಚತುಷ್ಪಥ ಕಾಮಗಾರಿಗೆ ಗುಡ್ಡ ಅಗೆದ ಯಂತ್ರಗಳ ಗುಡುಗು. ಅದರ ಹಿಂದೆ ಅಡಿಕೆ ತೋಟದ ಪಂಪು. ಅದಕ್ಕೂ ಹಿಂದೆ, ಬಿಸಿಲು ಇಳಿಯುವ ಹೊತ್ತಿಗೆ, ಮರಮರದಲ್ಲೂ ಜೀರುಂಡೆ. ಮಳೆಗಾಲವಾದರೆ ಇವೆಲ್ಲವನ್ನೂ ಅಳಿಸಿ ಶೀಟಿನ ಮಾಡಿನ ಮೇಲೆ ಒಂದೇ ಸಮನೆ ಮಳೆ. ಚಳಿಗಾಲವಾದರೆ ರಾತ್ರಿ ಎಲ್ಲಿಂದಲೋ ಬಯಲಾಟದ ಚೆಂಡೆ. ಕಿವಿ ಇವನ್ನೆಲ್ಲ ಬೇರ್ಪಡಿಸಿಕೊಂಡು ಬೇಕಾದ್ದನ್ನು ಮಾತ್ರ ಕೇಳಿಸಿಕೊಳ್ಳುತ್ತದೆ. ಮೈಕಿಗೆ ಆ ವಿವೇಕವಿಲ್ಲ, ಎಲ್ಲವನ್ನೂ ಒಂದೇ ರಾಶಿಯಾಗಿ ತಂದು ಸುರಿಯುತ್ತದೆ.

ಇಲ್ಲಿನ ಶೋಭಾವನ ಆವರಣದಲ್ಲಿ 2008ರಲ್ಲಿ ಶುರುವಾದ ಆಳ್ವಾಸ್ ಇಂಜಿನಿಯರಿಂಗ್ ಕಾಲೇಜಿದೆ. ಸಂಜೆ ತರಗತಿ ಬಿಟ್ಟಾಗ ಕೆಂಪುಮಣ್ಣು ಮೆತ್ತಿದ ಚಪ್ಪಲಿಗಳು ಹಾಸ್ಟೆಲಿನ ಮೆಟ್ಟಿಲ ಬಳಿ ಸಾಲಾಗುತ್ತವೆ. ಆ ಸಾಲಿನಲ್ಲಿ ಒಂದು ಜೊತೆ ಇಲೆಕ್ಟ್ರಾನಿಕ್ಸ್ ಓದುವ ಒಬ್ಬ ಹುಡುಗಿಯದು. ಮನೆಯಲ್ಲಿ ತುಳು, ತರಗತಿಯಲ್ಲಿ ಇಂಗ್ಲಿಷ್, ಗೆಳತಿಯರೊಡನೆ ಕರಾವಳಿಯ ಕನ್ನಡ. ತಂತ್ರಜ್ಞಾನದ ಮೇಲೆ ಒಂದು ವಿಡಿಯೊ, ಒಂದು ಆಡಿಯೊ ಕಟ್ಟುವುದು ಅವಳು ತಲೆಗೆ ಹಚ್ಚಿಕೊಂಡ ಕೆಲಸ.

ತಂತ್ರಜ್ಞಾನದ ವಿಡಿಯೊ ಎಂದರೆ ನಮ್ಮ ಕಣ್ಣಿಗೆ ಒಗ್ಗಿಹೋದ ಒಂದು ರೂಪವಿದೆ. ನೀಲಿ ಬೆಳಕಿನಲ್ಲಿ ತಿರುಗುವ ಭೂಗೋಳ, ಮಳೆಯಂತೆ ಸುರಿಯುವ ಸೊನ್ನೆ–ಒಂದುಗಳು, ಹಿಂದೆ ಗುಂಯ್ ಎನ್ನುವ ಸಂಗೀತ. ಅದನ್ನು ಅಂತರ್ಜಾಲದಿಂದ ಇಳಿಸಿ, ಮೇಲೊಂದು ಧ್ವನಿ ಕೂರಿಸಿದರೆ ಒಂದು ಸಂಜೆಯಲ್ಲಿ ಮುಗಿಯುತ್ತದೆ. ಅವಳು ಆ ದಾರಿ ಹಿಡಿಯಲಿಲ್ಲ. ಅವಳ ಕಣ್ಣು ಹೋದದ್ದು ಕಂಬಳದ ಗದ್ದೆಯ ಗಡಿಯಾರದ ಮೇಲೆ. ಇದು ನನಗೆ ತುಂಬ ಹಿಡಿಸಿದ ಆಯ್ಕೆ. ಏಕೆಂದರೆ ಮಿಜಾರು ಎಂಬ ಹೆಸರು ದೇಶದ ಪತ್ರಿಕೆಗಳಲ್ಲಿ ಹರಿದಾಡಿದ್ದೇ ಒಂದು ವಿಡಿಯೊದಿಂದ, ಒಂದು ಅಂಕಿಯಿಂದ.

2020ರ ಫೆಬ್ರವರಿ 1ರಂದು ಐಕಳದ ಕಂಬಳದಲ್ಲಿ ಮಿಜಾರು ಅಶ್ವತ್ಥಪುರದ ಶ್ರೀನಿವಾಸ ಗೌಡರು ಕೋಣಗಳ ಹಿಂದೆ 142.5 ಮೀಟರನ್ನು 13.62 ಸೆಕೆಂಡುಗಳಲ್ಲಿ ಓಡಿದರು. ಯಾರೋ ಅದನ್ನು 100 ಮೀಟರಿಗೆ ಇಳಿಸಿ ಲೆಕ್ಕ ಹಾಕಿದರು, 9.55 ಬಂತು. ಉಸೇನ್ ಬೋಲ್ಟ್ 2009ರಲ್ಲಿ ಬರ್ಲಿನ್‌ನಲ್ಲಿ ಓಡಿದ್ದು 9.58. ಫೋನಿನಿಂದ ಫೋನಿಗೆ ಆ ಓಟ ಹಾರಿತು. ಅದೇ ತಿಂಗಳು ವೇಣೂರಿನಲ್ಲಿ ಬಜಗೋಳಿಯ ನಿಶಾಂತ್ ಶೆಟ್ಟರು 143 ಮೀಟರನ್ನು 13.61 ಸೆಕೆಂಡಿನಲ್ಲಿ ಮುಗಿಸಿದರು, ಅದರ ಲೆಕ್ಕ 9.51. ಕೋಣ ಎಳೆಯುವ ಓಟವನ್ನೂ ಒಬ್ಬನೇ ಓಡುವ ಓಟವನ್ನೂ ಒಂದೇ ತಕ್ಕಡಿಯಲ್ಲಿಡುವುದು ಸರಿಯಲ್ಲ, ಅವಳ ವಿಡಿಯೊ ಅದನ್ನು ನೇರವಾಗಿ ಹೇಳುತ್ತದೆ. ಆದರೆ ಅವಳ ಪ್ರಶ್ನೆ ಬೇರೆ. ಕೆಸರು ಹಾರುವ ಗದ್ದೆಯಲ್ಲಿ ಸೆಕೆಂಡಿನ ನೂರನೇ ಭಾಗವನ್ನು ಹಿಡಿದದ್ದು ಹೇಗೆ?

ಚಿತ್ರೀಕರಣಕ್ಕೆ ಅವಳು ಹೋದದ್ದು ಮೂಡುಬಿದಿರೆಯ ಕಡಲಕೆರೆಯಲ್ಲಿ ನಡೆಯುವ ಕೋಟಿ–ಚೆನ್ನಯ ಜೋಡುಕರೆ ಕಂಬಳಕ್ಕೆ. ಹಗಲು ಕಳೆದು ರಾತ್ರಿಯಾದರೂ ಓಟ ನಿಲ್ಲದ ಕಂಬಳ. ಎತ್ತರದ ಕಂಬಗಳಲ್ಲಿ ಹೊನಲು ದೀಪ, ಕೆಳಗೆ ಎರಡು ಕರೆಗಳಲ್ಲಿ, ಅಂದರೆ ಓಟದ ಹಾದಿಗಳಲ್ಲಿ, ಮಿನುಗುವ ಕೆಸರುನೀರು, ಎಣ್ಣೆ ಹಚ್ಚಿದ ಕೋಣಗಳ ಕಪ್ಪು ಮೈ. ಓಟ ಶುರುವಾಗುವ ಗಂತಿನ ಕಡೆ ಗದ್ದಲ: ಕೋಣಗಳನ್ನು ನಿಲ್ಲಿಸುವವರ ಕೂಗು, ಕೊಂಬು, ವಾದ್ಯ, ಧ್ವನಿವರ್ಧಕದಲ್ಲಿ ಬಿಡುವಿಲ್ಲದ ವೀಕ್ಷಕ ವಿವರಣೆ. ಓಟ ಮುಗಿಯುವ ಮಂಜೊಟ್ಟಿಯ ಕಡೆ ಕಾಯುವ ಜನ. ಬಿಟ್ಟದ್ದೇ ತಡ, ಹದಿಮೂರು ಹದಿನಾಲ್ಕು ಸೆಕೆಂಡಿನಲ್ಲಿ ಎಲ್ಲವೂ ಮುಗಿದು, ಕೋಣಗಳು ಮಂಜೊಟ್ಟಿಯ ಏರು ಹತ್ತಿ ನಿಲ್ಲುತ್ತವೆ. ಆ ಕೊನೆಯಲ್ಲಿ, ನೀರಿನ ಮೇಲೆ ಅಡ್ಡಲಾಗಿ, ಬರಿಗಣ್ಣಿಗೆ ಕಾಣದ ಲೇಸರ್ ಕಿರಣವೊಂದಿದೆ. ಕೋಣ ಅದನ್ನು ಕಡಿದ ಕ್ಷಣ ಗಡಿಯಾರ ನಿಲ್ಲುತ್ತದೆ. ಮೊದಲು ಸ್ಟಾಪ್‌ವಾಚ್ ಒತ್ತಿ ಅಳೆಯುತ್ತಿದ್ದ ಕಾಲದಲ್ಲಿ, ಕಣ್ಣು ಕಂಡದ್ದು ಬೆರಳಿಗೆ ಇಳಿಯುವಷ್ಟರಲ್ಲೇ ಸುಮಾರು 0.2 ಸೆಕೆಂಡು ಹೋಗಿರುತ್ತಿತ್ತು. ಕಿರಣಕ್ಕೆ ಆ ತಡವಿಲ್ಲ.

ಕಾಣದ ಕಿರಣವನ್ನು ಕ್ಯಾಮೆರಾದಲ್ಲಿ ತೋರಿಸುವುದು ಹೇಗೆ? ಅವಳು ಕಾದಳು. ಕೋಣಗಳು ಎಬ್ಬಿಸಿದ ತುಂತುರು ಗಾಳಿಯಲ್ಲಿ ತೇಲಿ ಕಿರಣದ ದಾರಿಗೆ ಬಂದಾಗ, ಕೆಂಪು ಎಳೆಯೊಂದು ಕಂಡೂ ಕಾಣದಂತೆ ಹೊಳೆದು ಆರಿತು. ಆ ಹೊಳಪು ಫೋನಿನಲ್ಲಿ ಸಿಕ್ಕಿದ್ದು ನಡುರಾತ್ರಿ ಕಳೆದ ಮೇಲೆ. ನನ್ನ ಮಟ್ಟಿಗೆ ಇಡೀ ವಿಡಿಯೊದ ಜೀವ ಅದೇ. ಅರ್ಧ ಸೆಕೆಂಡೂ ಇಲ್ಲದ ಆ ತುಣುಕಿನಲ್ಲಿ ಕೆಸರು ಮತ್ತು ಬೆಳಕು ಒಂದನ್ನೊಂದು ತೋರಿಸಿಕೊಡುತ್ತವೆ.

ಕತ್ತಲಲ್ಲಿ ದೀಪದ ಕೆಳಗೆ ಚಿತ್ರ ಹಿಡಿಯುವವರಿಗೆ ಇನ್ನೊಂದು ಕಾಟ. ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಆವರ್ತನದ್ದು, ಅದರ ಲಯಕ್ಕೆ ಅನೇಕ ದೀಪಗಳು ಸೆಕೆಂಡಿಗೆ 100 ಸಲ ಮಂಕಾಗಿ ಮತ್ತೆ ಬೆಳಗುತ್ತವೆ. ಕಣ್ಣಿಗೆ ತಿಳಿಯದ್ದು ಕ್ಯಾಮೆರಾದಲ್ಲಿ ಪಟ್ಟೆಪಟ್ಟೆಯಾಗಿ ಓಡಾಡುತ್ತದೆ. ಅಂಕಿ ತೋರಿಸುವ ಎಲ್‌ಇಡಿ ಫಲಕವಂತೂ ಅರ್ಧವೇ ಮೂಡುತ್ತದೆ, 13 ಇದ್ದದ್ದು 1 ಆಗಿ ಕಾಣುತ್ತದೆ. ಅದಕ್ಕಾಗಿ ಅವಳು ಸೆಕೆಂಡಿಗೆ 25 ಫ್ರೇಮ್, ಶಟರ್ ಐವತ್ತನೇ ಒಂದು ಭಾಗ ಎಂದು ನಿಗದಿ ಮಾಡಿದಳು. ವಿದ್ಯುತ್ತಿನ ಲಯಕ್ಕೆ ಕ್ಯಾಮೆರಾದ ಲಯ ಕೂಡಿಬಂತು, ಫಲಕದ ಅಂಕಿ ನಿಂತಿತು.

ಹಾಸ್ಟೆಲಿನ ಕೋಣೆಗೆ ಮರಳಿ ತುಣುಕುಗಳನ್ನು ಲ್ಯಾಪ್‌ಟಾಪಿನಲ್ಲಿ ಹರಡಿದಾಗಲೇ ಅವಳಿಗೆ ತನ್ನ ವಿಡಿಯೊದ ನಿಜವಾದ ವಿಷಯ ಸಿಕ್ಕಿದ್ದು. ಸೆಕೆಂಡಿಗೆ 25 ಫ್ರೇಮ್ ಎಂದರೆ ಒಂದು ಫ್ರೇಮಿಗೆ 0.04 ಸೆಕೆಂಡು. ಐಕಳದ 9.55, ವೇಣೂರಿನ 9.51. ಇವುಗಳ ನಡುವಿನ ಅಂತರವೂ 0.04. ಇಡೀ ಕರಾವಳಿ ವಾರಗಟ್ಟಲೆ ಚರ್ಚಿಸಿದ ವ್ಯತ್ಯಾಸ ಅವಳ ಪರದೆಯ ಮೇಲೆ ಒಂದೇ ಒಂದು ಫ್ರೇಮ್. ಐಕಳದ ಓಟದ ವೇಗದಲ್ಲಿ ಕೋಣವೊಂದು ಅಷ್ಟು ಹೊತ್ತಿನಲ್ಲಿ ಸುಮಾರು 42 ಸೆಂಟಿಮೀಟರ್, ಹೆಚ್ಚುಕಡಿಮೆ ಒಂದು ಮೊಳ ಮುಂದೆ ಹೋಗಿರುತ್ತದೆ. ಒಂದು ಫ್ರೇಮಿನಲ್ಲಿ ಮೂಗು ಗೆರೆಯ ಈಚೆ, ಮುಂದಿನ ಫ್ರೇಮಿನಲ್ಲಿ ಕೊಂಬೂ ಆಚೆ. ನಡುವೆ ಏನಾಯಿತು ಎಂಬುದು ಕ್ಯಾಮೆರಾಕ್ಕೆ ಗೊತ್ತೇ ಇಲ್ಲ. ಲೇಸರ್ ಯಾಕೆ ಬೇಕು ಎಂಬುದಕ್ಕೆ ಇದಕ್ಕಿಂತ ಸರಳ ವಿವರಣೆ ಇನ್ನೊಂದಿಲ್ಲ. ಅದಕ್ಕೆ ಚಿತ್ರವೂ ಬೇಡ ಅನಿಮೇಷನ್ನೂ ಬೇಡ, ಆ ಎರಡು ಫ್ರೇಮುಗಳನ್ನು ಪಕ್ಕಪಕ್ಕ ಇಟ್ಟರೆ ಸಾಕು.

ಪಕ್ಕದ ಮಂಚದ ಗೆಳತಿ ಹೊದಿಕೆಯೊಳಗಿಂದ ಮುಖ ಹೊರಗೆ ಹಾಕಿ ಕೇಳುತ್ತಾಳೆ, "ಎಂತ ಮಾರಾಯ್ತಿ, ಅದನ್ನೇ ಎಷ್ಟು ಸಲ ನೋಡುದು? ಒಂದೇ ಹಾಗೆ ಉಂಟಲ್ಲ ಎರಡೂ?"

"ಒಂದೇ ಹಾಗೆ ಇಲ್ಲ. ಸರೀ ನೋಡು, ಮೂಗು ಎಲ್ಲಿ ಉಂಟು ಹೇಳು."

ಗೆಳತಿ ಎದ್ದು ಬಂದು ನೋಡುತ್ತಾಳೆ. ಮಲಗುವುದು ಅಲ್ಲಿಗೆ ಇಬ್ಬರದೂ ತಪ್ಪುತ್ತದೆ.

ಮಾತು ಮತ್ತು ಚಿತ್ರ ಹೊಂದಿಸುವಾಗ ಇನ್ನೊಂದು ಸಂಗತಿ ಎದ್ದು ಬಂತು. ಮಂಜೊಟ್ಟಿಯಲ್ಲಿ ನಿಂತು ಹಿಡಿದ ಚಿತ್ರದಲ್ಲಿ, ಗಂತಿನ ಕೂಗು ಕೋಣಗಳು ಹೊರಟ ಮೇಲೆ ಕೇಳಿಸುತ್ತದೆ. ಸದ್ದು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 345 ಮೀಟರ್ ಸಾಗುವುದರಿಂದ ಗದ್ದೆಯ ಉದ್ದ ದಾಟಲು 0.4 ಸೆಕೆಂಡು, ಅಂದರೆ ಹತ್ತು ಫ್ರೇಮ್ ಹಿಡಿಯುತ್ತದೆ. ಸಂಕಲನ ಬಲ್ಲವರು ಅದನ್ನು ಎಳೆದು ಸರಿಮಾಡುತ್ತಾರೆ. ಅವಳು ಸರಿಮಾಡದೆ ಬಿಟ್ಟಳು. ಗದ್ದೆಯ ಆ ತುದಿಯಲ್ಲಿ ನಿಂತವರಿಗೆ ಲೋಕ ಕೇಳಿಸುವುದೇ ಹಾಗೆ, ನೋಡುವವರಿಗೂ ಹಾಗೇ ಕೇಳಲಿ ಎಂಬುದು ಅವಳ ನಿಲುವು. ನಾನೂ ಅದನ್ನೇ ಒಪ್ಪುತ್ತೇನೆ. ತಿದ್ದಿ ನಯವಾಗಿಸಿದ ಸದ್ದಿಗಿಂತ ದೂರದ ಅಳತೆಯನ್ನು ಹೊತ್ತು ಬಂದ ಸದ್ದು ಹೆಚ್ಚು ನಿಜ.

ಆಯ್ಕೆಯ ಕೆಲಸ ಮಾತ್ರ ಬೇಸರದ್ದು, ಅಕ್ಕಿಯಿಂದ ಕಲ್ಲು ಹೆಕ್ಕಿದಂತೆ. ನೀರು ಎಷ್ಟೆತ್ತರ ಚಿಮ್ಮಿತೆಂದು ನೋಡುವ ಕನೆಹಲಗೆಯ ಓಟದಲ್ಲಿ, ಮೇಲೆ ಕಟ್ಟಿದ ನಿಶಾನೆಯ ಎತ್ತರಕ್ಕೆ ಚಿಮ್ಮಿದ ನೀರಿನ ದೃಶ್ಯ ಅವಳಿಗೆ ಬಹಳ ಪ್ರಿಯವಾಗಿತ್ತು. ಆದರೆ ಫೈಲನ್ನು ಸಣ್ಣದಾಗಿಸಿದ ಕೂಡಲೇ ಆ ನೀರು ಚೌಕ ಚೌಕವಾಗಿ ಒಡೆಯಿತು. ವಿಡಿಯೊ ಕುಗ್ಗಿಸುವ ವಿಧಾನ ಹಿಂದಿನ ಫ್ರೇಮಿನಿಂದ ಬದಲಾದದ್ದನ್ನು ಮಾತ್ರ ಬರೆದಿಟ್ಟು ಜಾಗ ಉಳಿಸುತ್ತದೆ. ಚಿಮ್ಮುವ ನೀರಿನಲ್ಲಿ ಬದಲಾಗದ್ದು ಏನೂ ಇಲ್ಲ. ಅವಳು ಆ ದೃಶ್ಯದ ಪಾಲಿಗೆ ಹೆಚ್ಚು ಜಾಗ ಕೊಟ್ಟು, ಉಳಿದ ಕಡೆ ಉಳಿಸಿದಳು.

ಆಡಿಯೊದ ವಿಷಯವನ್ನು ಅವಳು ಇದೇ ರಸ್ತೆಯಲ್ಲಿ ಕಂಡುಕೊಂಡಳು. ಗುರುಪುರ ಕೈಕಂಬದ ಸೀಮೆಯಲ್ಲಿ ಕಿನ್ನಿಕಂಬಳವಿದೆ. ಗಣಕದಲ್ಲಿ ಕನ್ನಡ ಬರೆಯುವ ಕೀಲಿಮಣೆ ವಿನ್ಯಾಸ ಕೊಟ್ಟ ಕೆ.ಪಿ. ರಾವ್ ಅವರ ಹೆಸರಿನ ಮೊದಲ ಅಕ್ಷರವೇ ಆ ಊರು: ಕಿನ್ನಿಕಂಬಳ ಪದ್ಮನಾಭ ರಾವ್, ಹುಟ್ಟಿದ್ದು 1940ರಲ್ಲಿ. ಇಂಗ್ಲಿಷಿನ 26 ಅಕ್ಷರಗಳ ಕೀಲಿಗಳಲ್ಲೇ ಕನ್ನಡದ ವರ್ಣಮಾಲೆಯನ್ನು ಕೂರಿಸಿದ ಆ ವಿನ್ಯಾಸವೇ ಮುಂದೆ 'ನುಡಿ' ತಂತ್ರಾಂಶದ ತಳಹದಿಯಾಯಿತು. ಅದರಲ್ಲಿ ಕನ್ನಡದ ಒಳಗಟ್ಟು ಕಾಣುತ್ತದೆ. ಅಲ್ಪಪ್ರಾಣಕ್ಕೆ ಬರಿಯ ಕೀಲಿ, ಮಹಾಪ್ರಾಣಕ್ಕೆ ಅದೇ ಕೀಲಿಯ ಜೊತೆ ಶಿಫ್ಟ್, ಒತ್ತಕ್ಷರ ಬೇಕಾದಲ್ಲಿ ನಡುವೆ ಒಂದು 'ಎಫ್'. ಕನ್ನಡದಲ್ಲಿ ಅಕ್ಷರಗಳು ಹೇಗೆ ಕೂಡುತ್ತವೆಯೋ ಬೆರಳುಗಳೂ ಹಾಗೆಯೇ ಕೂಡುತ್ತವೆ.

ಅವಳ ಆಡಿಯೊ ಶುರುವಾಗುವುದು ಮಾತಿನಿಂದಲ್ಲ, 'ಕಿನ್ನಿಕಂಬಳ' ಎಂದು ಬೆರಳಚ್ಚಿಸುವ ಸದ್ದಿನಿಂದ. ಹತ್ತು ಕೀಲಿ, ಅವುಗಳಲ್ಲಿ ಸೊನ್ನೆಗೂ ಕೊನೆಯ ಳಕಾರಕ್ಕೂ ಶಿಫ್ಟ್. ಅಗಲದ ಶಿಫ್ಟ್ ಕೀಲಿಯ ಸದ್ದು ಉಳಿದವಕ್ಕಿಂತ ದಪ್ಪ. ಕಣ್ಣು ಮುಚ್ಚಿ ಕೇಳಿದರೆ ಆ ಟಕಟಕದಲ್ಲಿ ಎರಡು ಕಡೆ ಪೆಟ್ಟು ಆಳಕ್ಕೆ ಇಳಿಯುತ್ತದೆ.

ಇದನ್ನೆಲ್ಲ ಧ್ವನಿಮುದ್ರಿಸಿದ ಸ್ಟುಡಿಯೊ ಎಂದರೆ ಮಂಚ, ಎರಡು ದಪ್ಪ ಹೊದಿಕೆ, ಬಟ್ಟೆ ತುಂಬಿದ ಕಪಾಟಿನ ತೆರೆದ ಬಾಗಿಲು. ಬಟ್ಟೆ ಸದ್ದನ್ನು ಹೀರುತ್ತದೆ, ಬರಿ ಗೋಡೆ ತಿರುಗಿಸಿ ಎಸೆಯುತ್ತದೆ. ಫ್ಯಾನ್ ಆರಿಸಬೇಕು. ಆರಿಸಿದರೆ ಸೆಕೆ, ಹೊದಿಕೆಯೊಳಗೆ ಬೆವರು. ಬಾಯಿಯಿಂದ ಒಂದು ಗೇಣು ದೂರದಲ್ಲಿ, ಸ್ವಲ್ಪ ಓರೆಯಾಗಿ ಮೈಕ್. ಎದುರಿಗಿಟ್ಟರೆ ಭ, ಫ, ಧ ಬಂದಾಗಲೆಲ್ಲ ಉಸಿರು ಮೈಕಿಗೆ ಬಡಿದು ಢಬ್ ಎನ್ನುತ್ತದೆ. ಮೀಟರು ಕೆಂಪು ಮುಟ್ಟಬಾರದು, ತಲೆ ಕತ್ತರಿಸಿಹೋದ ಧ್ವನಿಯ ಅಲೆಯನ್ನು ಮೊದಲಿನಂತೆ ಮಾಡುವ ಉಪಾಯ ಇಲ್ಲ. ಮಾತಿಗೆ ಮುಂಚೆ ಅರ್ಧ ನಿಮಿಷ ಏನೂ ಮಾತಾಡದೆ ಕೋಣೆಯ ಸದ್ದನ್ನೇ ಮುದ್ರಿಸಿಕೊಳ್ಳುತ್ತಾಳೆ. ಆಮೇಲೆ ಮಾತಿನ ನಡುವೆ ಕತ್ತರಿಸಿದಲ್ಲಿ ಅದನ್ನು ತುಂಬಿಸಿದರೆ ಬಿರುಕು ತಿಳಿಯುವುದಿಲ್ಲ.

ಬರೆದ ಕನ್ನಡ ಮೈಕಿನ ಮುಂದೆ ನಿಲ್ಲಲಿಲ್ಲ. 'ಅಳವಡಿಸಲಾಗಿರುವ ವ್ಯವಸ್ಥೆಯ ಮೂಲಕ ಸಾಧ್ಯವಾಗಿಸಲಾಗಿದೆ' ಎಂಬಂಥ ಸಾಲು ಕಾಗದದಲ್ಲಿ ಗಂಭೀರವಾಗಿತ್ತು, ಉಸಿರಿಗೆ ದಕ್ಕಲಿಲ್ಲ. ಒಡೆದಳು, ಮತ್ತೆ ಒಡೆದಳು. ಕೊನೆಗೆ ಅಕ್ಕನ ಮಗುವಿಗೆ ಫೋನಿನಲ್ಲಿ ಹೇಳಿದ ಹಾಗೆ ಹೇಳಿ, ಹೇಳಿದ್ದನ್ನೇ ಬರೆದುಕೊಂಡಳು. 'ಕೀಲಿ ಒತ್ತಿದ ಕೂಡ್ಲೇ ಅಕ್ಷರ ಬರ್ತದೆ, ಆದ್ರೆ ಮುಂದಿನ ಕೀಲಿ ಒತ್ತಿದ್ರೆ ಅದೇ ಅಕ್ಷರ ರೂಪ ಬದಲಿಸ್ತದೆ.' ಕನ್ನಡದ ಗುಣಿತಾಕ್ಷರ ಗಣಕದಲ್ಲಿ ಮೂಡುವ ಬಗೆಯನ್ನು ನಾನು ಓದಿದ ಯಾವ ಪಠ್ಯವೂ ಇಷ್ಟು ಚೊಕ್ಕವಾಗಿ ಹೇಳಿಲ್ಲ. ಮಾಡಿದ ಮೇಲೆ ಅರ್ಥವಾಗುವುದು ಒಂದು ಹಂತ. ಮಗುವಿಗೆ ಹೇಳಲು ಬಂದಾಗ ಅರ್ಥವಾಗುವುದು ಅದಕ್ಕಿಂತ ಮೇಲಿನದು, ಇಂಜಿನಿಯರಿಂಗ್ ಓದುವ ಮಕ್ಕಳಿಗೆ ಎರಡನೆಯದರ ಅಭ್ಯಾಸ ಹೆಚ್ಚು ಬೇಕು ಎಂದು ನಾನು ಬಲವಾಗಿ ನಂಬಿದ್ದೇನೆ.

ಮನೆಯಲ್ಲೇ ಕೂತು ಧ್ವನಿಯನ್ನು ಊರಿಗೆ ಕಳಿಸುವ ಹಂಬಲ ನಮ್ಮ ನಾಡಿಗೆ ಹೊಸದಲ್ಲ. ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರ ಶುರುಮಾಡಿದರು. 'ಆಕಾಶವಾಣಿ' ಎಂಬ ಹೆಸರು ದೇಶಕ್ಕೆ ಸಿಕ್ಕಿದ್ದು ಅಲ್ಲಿಂದ. ಈ ಕರಾವಳಿಗೆ ಮಂಗಳೂರು ಆಕಾಶವಾಣಿ ಬಂದದ್ದು 1976ರಲ್ಲಿ. ಗೋಪಾಲಸ್ವಾಮಿಯವರಿಗೆ ಟ್ರಾನ್ಸ್‌ಮಿಟರ್ ಬೇಕಿತ್ತು, ಕೈಯಿಂದ ಹಣ ಬೇಕಿತ್ತು. ಈ ಹುಡುಗಿಯ ಬಳಿ ಇರುವುದು ಫೋನು, ಕಾಲರ್ ಮೈಕು, ಲ್ಯಾಪ್‌ಟಾಪಿನಲ್ಲಿ ಉಚಿತವಾಗಿ ಸಿಗುವ ಆಡಾಸಿಟಿ. ಮೈಕಿನ ಧ್ವನಿಯನ್ನು ಅದು ಸೆಕೆಂಡಿಗೆ 48,000 ಸಲ ಅಳೆದು ಬರೆದಿಡುತ್ತದೆ. ಮನುಷ್ಯನ ಕಿವಿ ಹಿಡಿಯುವ ಅತಿ ಕೀರಲು ಸದ್ದು ಸುಮಾರು 20,000 ಆವರ್ತನದ್ದು, ಅದನ್ನು ಹಿಡಿಯಲು ಅದರ ಎರಡು ಪಟ್ಟಿಗಿಂತ ಹೆಚ್ಚು ಸಲ ಅಳೆಯಬೇಕು. ಇಷ್ಟೆಲ್ಲ ಶಕ್ತಿ ಇದ್ದರೂ ಜೀರುಂಡೆಯ ಮುಂದೆ ಅದು ಸೋಲುತ್ತದೆ. ಜೀರುಂಡೆ ಕೂಗುವುದು ನಮ್ಮ ಸ, ಶ ಇರುವ ಎತ್ತರದಲ್ಲೇ. ಅದನ್ನು ಅಳಿಸಲು ಹೋದರೆ ಮಾತಿನ ಹಲ್ಲು ಉದುರುತ್ತದೆ. ಹಾಗಾಗಿ ಅವಳ ಧ್ವನಿಮುದ್ರಣ ಜೀರುಂಡೆ ಸುಮ್ಮನಾದ ಮೇಲೆ, ಬಸ್ಸು ನಿಂತ ಮೇಲೆ.

ವಿಡಿಯೊ ಒಂದು ರೂಪಕ್ಕೆ ಬಂದಾಗ ಅವಳು ಅದನ್ನು ಮೊದಲು ತೋರಿಸಿದ್ದು ಕಾಲೇಜಿನಲ್ಲಿ ಅಲ್ಲ, ಚಿತ್ರೀಕರಣಕ್ಕೆ ಬಿಟ್ಟುಕೊಟ್ಟ ಕೋಣಗಳ ಮನೆಯಲ್ಲಿ. ಹಟ್ಟಿಯ ಪಕ್ಕದ ಜಗಲಿಯಲ್ಲಿ ಲ್ಯಾಪ್‌ಟಾಪ್ ಇಟ್ಟು, ಕೋಣಗಳನ್ನು ನೋಡಿಕೊಳ್ಳುವ ಹಿರಿಯರನ್ನು ಕೂರಿಸಿದಳು. ಅವರು ಎರಡು ಫ್ರೇಮುಗಳ ಭಾಗ ಬಂದಾಗ ಮುಂದಕ್ಕೆ ಬಾಗಿದರು, ಲೇಸರ್ ಹೊಳೆದಾಗ ತಲೆಯಾಡಿಸಿದರು. ಮುಗಿದ ಮೇಲೆ ಒಂದೇ ಮಾತು ಕೇಳಿದರು.

"ಎಲ್ಲ ಸರಿ ಉಂಟು ಮಗಾ. ಓಡಿಸಿದವನ ಹೆಸರು ಹಾಕಿದ್ದಿ, ನಿನ್ನ ಹೆಸರು ಹಾಕಿದ್ದಿ. ಕೋಣಗಳ ಹೆಸರು ಎಲ್ಲಿ?"

"ಹಾಕ್ತೇನೆ ಅಜ್ಜ."

ಆ ರಾತ್ರಿಯೇ ಅವಳು ಕೊನೆಯ ಹೆಸರುಪಟ್ಟಿಯನ್ನು ಬಿಚ್ಚಿ ಮತ್ತೆ ಕಟ್ಟಿದಳು. ಮೊದಲು ಕೋಣಗಳು, ಆಮೇಲೆ ಅವನ್ನು ಸಾಕಿದವರು, ಓಡಿಸಿದವರು, ಜೊತೆಗೆ ನಿದ್ದೆಗೆಟ್ಟ ಗೆಳತಿ, ಎಲ್ಲರ ಕೆಳಗೆ ತಾನು. ಅದಕ್ಕೆ ಇನ್ನೂ ಎಂಟು ಸೆಕೆಂಡು ಬೇಕಾಯಿತು. ತಾನು ಕ್ಯಾಮೆರಾದ ಮುಂದೆ ನಿಂತು ಮಾತಾಡಿದ ಭಾಗದಿಂದ ಅಷ್ಟನ್ನು ಕತ್ತರಿಸಿ, ಇಡೀ ವಿಡಿಯೊವನ್ನು ಮತ್ತೊಮ್ಮೆ ರೆಂಡರ್‌ಗೆ ಹಾಕಿದಳು.