ಮನೆಯಂಗಳದ ಕಾಲೇಜೋ, ಗಡಿಯಾಚೆಯ ಕಾಲೇಜೋ?

ಪಿಯುಸಿ ಮತ್ತು ಸಿಇಟಿ ಫಲಿತಾಂಶಗಳು ಹೊರಬಿದ್ದವೆಂದರೆ ಸಾಕು, ನಮ್ಮಲ್ಲಿಗೆ ಬರುವ ಭಕ್ತ ಕುಟುಂಬಗಳ ಮಾತಿನ ಧಾಟಿಯೇ ಬದಲಾಗುತ್ತದೆ. ಮಳೆ, ಬಿತ್ತನೆ, ಮದುವೆಯ ಮಾತುಗಳು ಹಿಂದೆ ಸರಿದು ಒಂದೇ ಪ್ರಶ್ನೆ ಮುಂದೆ ಬರುತ್ತದೆ: ಮಗುವನ್ನು ಇಂಜಿನಿಯರಿಂಗಿಗೆ ಇಲ್ಲಿಯೇ ಓದಿಸುವುದೋ, ಹೊರ ರಾಜ್ಯಕ್ಕೆ ಕಳುಹಿಸುವುದೋ? ನಾವು ಶಾಸ್ತ್ರ ಸಾಹಿತ್ಯಗಳನ್ನು ಓದಿದವರೇ ಹೊರತು ಯಂತ್ರವಿದ್ಯೆಯನ್ನು ಅರಿತವರಲ್ಲ. ಆದರೂ ಕೇಳುತ್ತಾರೆ. ಮಠದ ಪ್ರಸಾದ ನಿಲಯದಲ್ಲಿ ಬೆಳೆದವರು ಎಲ್ಲಕ್ಕೂ ಉತ್ತರ ಬಲ್ಲರೆಂಬ ನಂಬಿಕೆ ನಮ್ಮ ಜನರಲ್ಲಿ ಇನ್ನೂ ಉಳಿದಿದೆ. ಆ ನಂಬಿಕೆಗೆ ನಾವು ಒಮ್ಮೆ ತಕ್ಕವರಾಗಲಿಲ್ಲ.

2019ರಲ್ಲಿ ಸೇಡಂ ತಾಲೂಕಿನ ರೈತರೊಬ್ಬರು ಮಗನೊಡನೆ ಬಂದಿದ್ದರು. ಹುಡುಗನಿಗೆ ಸಿಇಟಿಯಲ್ಲಿ ಬಂದ ಶ್ರೇಯಾಂಕ ಸಾಧಾರಣವಾದುದು. ಕಲಬುರಗಿಯಲ್ಲಿಯೇ ಒಂದು ಸರ್ಕಾರಿ ಸೀಟು ದೊರೆಯುವಂತಿತ್ತು. ಆದರೆ ಅವನು ಬಯಸಿದ ವಿಭಾಗದಲ್ಲಿ ಅಲ್ಲ. ಆ ಹೊತ್ತಿಗೆ ದಲ್ಲಾಳಿಯೊಬ್ಬ ಮನೆಯ ಬಾಗಿಲಿಗೇ ಬಂದು, ನೆರೆ ರಾಜ್ಯದ ಖಾಸಗಿ ಸಂಸ್ಥೆಯೊಂದರ ಬಣ್ಣದ ಪುಸ್ತಿಕೆಯನ್ನು ತೋರಿಸಿ ಹೋಗಿದ್ದ. ಆರು ಎಕರೆ ತೊಗರಿ ಹೊಲದಲ್ಲಿ ನಾಲ್ಕನ್ನು ಅಡವಿಡಬೇಕಾಗುತ್ತದೆಂದು ತಂದೆ ಹೇಳಿದರು. ಅವರ ಕಣ್ಣಿನಲ್ಲಿದ್ದ ಉತ್ಸಾಹವನ್ನು ಕಂಡು ನಾವು ಏನನ್ನೂ ವಿಚಾರಿಸಲಿಲ್ಲ. ಹುಡುಗನ ಹಣೆಗೆ ವಿಭೂತಿಯಿಟ್ಟು, ಒಳ್ಳೆಯದಾಗಲಿ ಎಂದು ಹರಸಿ ಕಳುಹಿಸಿದೆವು.

ಹುಡುಗ ಕೆಟ್ಟವನೇನಲ್ಲ. ಓದಿ ಮುಗಿಸಿದ, ಬೆಂಗಳೂರಿನಲ್ಲಿ ಕೆಲಸವೂ ಆಯಿತು. ಅವನೊಡನೆ ಕೋಣೆ ಹಂಚಿಕೊಂಡಿರುವ ಗೆಳೆಯ ಕಲಬುರಗಿಯಲ್ಲಿಯೇ ಓದಿದವನು. ಅದೇ ಕಚೇರಿ, ಅದೇ ಸಂಬಳ. ವ್ಯತ್ಯಾಸವೆಂದರೆ ಇವನ ತಂದೆಯ ಹೊಲ ಇನ್ನೂ ಬಿಡಿಸಿಕೊಂಡಿಲ್ಲ. ಏಳೂವರೆ ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಬ್ಯಾಂಕುಗಳು ಸಾಮಾನ್ಯವಾಗಿ ಜಮೀನಿನ ಅಡಮಾನ ಕೇಳುವುದಿಲ್ಲ ಎಂಬುದನ್ನಾದರೂ ಅಂದು ನಾವು ತಿಳಿದು ಹೇಳಬಹುದಾಗಿತ್ತು. ಹೇಳಲಿಲ್ಲ.

ಅಂದಿನಿಂದ ಈ ವಿಷಯವನ್ನು ಕೇಳಿ, ಓದಿ ತಿಳಿಯಲು ಯತ್ನಿಸಿದ್ದೇವೆ. ನಮಗೆ ಕಂಡುಬಂದುದಿಷ್ಟು: ರಾಜ್ಯದ ಒಳಗೋ ಹೊರಗೋ ಎಂಬುದು ಮೊದಲ ಪ್ರಶ್ನೆಯೇ ಅಲ್ಲ. ಸೀಟು ಮಗುವಿನ ಅರ್ಹತೆಗೆ ಒಲಿದು ಬಂದುದೋ, ತಂದೆಯ ಹಣಕ್ಕೆ ಬಂದುದೋ ಎಂಬುದೇ ಮೊದಲು ಕೇಳಬೇಕಾದುದು. ಪ್ರತಿಯೊಂದು ರಾಜ್ಯವೂ ತನ್ನ ಸರ್ಕಾರಿ ಸೀಟುಗಳನ್ನು ಬಹುಮಟ್ಟಿಗೆ ತನ್ನ ಮಕ್ಕಳಿಗೇ ಕಾಯ್ದಿರಿಸಿಕೊಳ್ಳುತ್ತದೆ. ಆದುದರಿಂದ ಹೊರಗೆ ಹೋದ ನಮ್ಮ ಮಕ್ಕಳಿಗೆ ಉಳಿಯುವುದು ಹೆಚ್ಚಾಗಿ ಆಡಳಿತ ಮಂಡಳಿಯ ಸೀಟು, ಇಲ್ಲವೆ ಖಾಸಗಿ ವಿಶ್ವವಿದ್ಯಾಲಯದ ಸೀಟು. ನಮ್ಮ ರಾಜ್ಯದೊಳಗಾದರೋ ಹಳ್ಳಿಯ ಮಗುವಿಗೆ ಕೆಲವು ಆಸರೆಗಳುಂಟು. ಒಂದರಿಂದ ಹತ್ತನೆಯ ತರಗತಿಯವರೆಗೆ ಗ್ರಾಮೀಣ ಶಾಲೆಯಲ್ಲಿ ಓದಿದವರಿಗೆ ಶೇಕಡಾ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇಕಡಾ 5 ಮೀಸಲಾತಿ ಇದೆ. ಸಂವಿಧಾನಕ್ಕೆ 371ಜೆ ವಿಧಿ ಸೇರಿದ ಮೇಲೆ ಕಲ್ಯಾಣ ಕರ್ನಾಟಕದ ಮಕ್ಕಳಿಗೆ ಈ ಭಾಗದ ಕಾಲೇಜುಗಳಲ್ಲಿ ಶೇಕಡಾ 70, ರಾಜ್ಯದ ಉಳಿದೆಡೆ ಶೇಕಡಾ 8 ಸ್ಥಾನಗಳು ದೊರೆಯುತ್ತವೆ. ಗಡಿ ದಾಟಿದೊಡನೆ ಇವಾವುವೂ ಜೊತೆಗೆ ಬರುವುದಿಲ್ಲ.

ಎನ್‌ಐಟಿಗಳ ಮಾತು ಬೇರೆ. ಅಲ್ಲಿ ಅರ್ಧದಷ್ಟು ಸ್ಥಾನ ಆಯಾ ರಾಜ್ಯದವರಿಗೆ, ಉಳಿದರ್ಧ ಹೊರಗಿನವರಿಗೆ. ಐಐಟಿಗಳಲ್ಲಿ ತವರು ರಾಜ್ಯವೆಂಬ ಲೆಕ್ಕವೇ ಇಲ್ಲ. 2016ರಲ್ಲಿ ಧಾರವಾಡಕ್ಕೆ ಬಂದ ಐಐಟಿಯಲ್ಲಿಯೂ ಇಲ್ಲ. ಇವುಗಳಲ್ಲಿ ಕುಟುಂಬದ ವಾರ್ಷಿಕ ವರಮಾನ ಒಂದು ಲಕ್ಷದೊಳಗಿದ್ದರೆ ಬೋಧನಾ ಶುಲ್ಕ ಪೂರ್ಣ ಮಾಫಿ, ಐದು ಲಕ್ಷದವರೆಗಿದ್ದರೆ ಮೂರರಲ್ಲಿ ಎರಡು ಪಾಲು ಮಾಫಿ. ಎಂದರೆ ದೂರದ ಕಾಲೇಜು ಹತ್ತಿರದ್ದಕ್ಕಿಂತ ಅಗ್ಗವಾಗಬಹುದು! ಇನ್ನೊಂದು ಮಾತು: ಎನ್‌ಬಿಎ ಮಾನ್ಯತೆ ಕಾಲೇಜಿಗಲ್ಲ, ಒಂದೊಂದು ವಿಭಾಗಕ್ಕೆ ಪ್ರತ್ಯೇಕವಾಗಿ ಬರುವಂಥದು. ಪುಸ್ತಿಕೆಯ ಮುಖಪುಟ ನೋಡಿ ನಂಬದೆ, ಮಗು ಸೇರುವ ವಿಭಾಗಕ್ಕೆ ಅದು ಇದೆಯೇ ಎಂದು ಕೇಳಬೇಕು.

ಇನ್ನು ‘ಪರರಾಜ್ಯ’ ಎಂಬ ಮಾತು. ಇದನ್ನು ಕೇಳಿದಾಗಲೆಲ್ಲ ನಮಗೆ ಸಣ್ಣ ನಗೆ ಬರುತ್ತದೆ. 1956ಕ್ಕೆ ಮೊದಲು ಯಾವುದು ಸ್ವರಾಜ್ಯ, ಯಾವುದು ಪರರಾಜ್ಯ? ಧಾರವಾಡ, ಬೆಳಗಾವಿ, ವಿಜಾಪುರದವರಿಗೆ ಪುಣೆ ತಮ್ಮದೇ ಪ್ರಾಂತದ ಊರು. ಬೆಂಗಳೂರು ಅರಸರ ಬೇರೆ ಸಂಸ್ಥಾನ. ಬಳ್ಳಾರಿಯವರಿಗೆ ಮದ್ರಾಸು ರಾಜಧಾನಿ. ಬೀದರ, ಗುಲಬರ್ಗಾ, ರಾಯಚೂರಿನವರಿಗೆ ಹೈದರಾಬಾದು. 1929ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಇಂಜಿನಿಯರಿಂಗ್ ಕಾಲೇಜು ಆರಂಭವಾದಾಗ ಅದು ಇವರ ಕಾಲೇಜೇ ಆಗಿತ್ತು. ಸರ್ ಎಂ. ವಿಶ್ವೇಶ್ವರಯ್ಯನವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪದವಿ ಪಡೆದು ಇಂಜಿನಿಯರಿಂಗಿಗೆ ಪುಣೆಗೆ ಹೋದುದು ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಿಂದ. ಮೈಸೂರು ಸೀಮೆಯಲ್ಲಿ ಆಗ ಅಂಥ ಕಾಲೇಜು ಇರಲಿಲ್ಲ. ಅವರು ದಿವಾನರಾಗಿದ್ದಾಗ, 1917ರಲ್ಲಿ, ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಕಾಲೇಜು ಸ್ಥಾಪನೆಯಾಯಿತು.

ನಮ್ಮ ಸಮಾಜದ ಹಿರಿಯರೂ ಈ ಕೊರತೆಯನ್ನು ಕಂಡುಂಡವರೇ. ಶಿರಸಂಗಿ ಲಿಂಗರಾಜ ದೇಸಾಯಿಯವರು ತಮ್ಮ ಸಂಸ್ಥಾನದ ಆಸ್ತಿಯನ್ನು ಸಮಾಜದ ಮಕ್ಕಳ ವಿದ್ಯೆಗಾಗಿ ಬರೆದಿಟ್ಟು 1906ರಲ್ಲಿ ಲಿಂಗೈಕ್ಯರಾದರು. ಮುಂದೆ ಸಂಘಸಂಸ್ಥೆಗಳು ಕಾಲೇಜುಗಳನ್ನೇ ಕಟ್ಟಿದವು: ಹುಬ್ಬಳ್ಳಿಯಲ್ಲಿ ಕೆಎಲ್‌ಇ ಸಂಸ್ಥೆ 1947ರಲ್ಲಿ, ಗುಲಬರ್ಗಾದಲ್ಲಿ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆ ಪೂಜ್ಯ ದೊಡ್ಡಪ್ಪ ಅಪ್ಪ ಅವರ ಹೆಸರಿನ ಕಾಲೇಜನ್ನು 1958ರಲ್ಲಿ; 1963ರಲ್ಲಂತೂ ಬಾಗಲಕೋಟೆ, ತುಮಕೂರು, ಮೈಸೂರು ಮೂರೂ ಕಡೆ. ಬಡವರ ಮಗ ಪುಣೆಯ ಖರ್ಚಿಗೆ ಎತ್ತು ಮಾರಬಾರದೆಂದು ಕಟ್ಟಿದ ಮನೆಗಳಿವು. ಅವನ್ನು ಬೇಲಿ ಮಾಡಿಕೊಂಡು ಮಕ್ಕಳನ್ನು ಒಳಗೆ ಕೂಡಿಹಾಕಿಕೊಳ್ಳಲೆಂದು ಕಟ್ಟಿದವಲ್ಲ.

ಇಷ್ಟೆಲ್ಲ ಬರೆಯಲು ಕಾರಣ, ಅದೇ ಸೇಡಂ ಕಡೆಯ ರೈತರು ಈ ವರ್ಷ ಮತ್ತೆ ಬಂದುದು. ಈ ಬಾರಿ ಜೊತೆಗಿದ್ದವಳು ಮಗಳು. ಸಿಇಟಿಯಲ್ಲಿ ಕಲಬುರಗಿಯ ಸೀಟು ಅವಳಿಗೆ ಖಚಿತ. ಜೆಇಇ ಬರೆದು ವಾರಂಗಲ್ಲಿನ ಎನ್‌ಐಟಿಯಲ್ಲಿ ವಿದ್ಯುತ್ ವಿಭಾಗದ ಸೀಟನ್ನೂ ಪಡೆದಿದ್ದಳು. 1959ರಲ್ಲಿ ಆರಂಭವಾದ ಅದು ದೇಶದ ಮೊಟ್ಟಮೊದಲ ಪ್ರಾದೇಶಿಕ ಇಂಜಿನಿಯರಿಂಗ್ ಕಾಲೇಜು. ಎನ್‌ಐಟಿ ಆದುದು ಆಮೇಲೆ.

“ಹೆಣ್ಣು ಮಗಳು, ಗುರುಗಳೇ. ಪರರಾಜ್ಯಕ್ಕ ಹ್ಯಾಂಗ ಕಳಸಾದ್ರಿ?” ಎಂದರು ತಂದೆ.

ಮಗಳು ತಾಯಿಯ ಕಡೆ ತಿರುಗಿ ಮೆಲ್ಲನೆ, “ಅಣ್ಣ ಹೋಗಿದ್ದೂ ಪರರಾಜ್ಯನೇ ಅಲ್ಲೇನವ್ವ?” ಎಂದಳು. ಮೆಲ್ಲನೆ ಹೇಳಿದರೂ ಎಲ್ಲರಿಗೂ ಕೇಳಿಸಿತು. ಕೋಣೆಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ನಮಗೂ ಆ ಮಾತು ತಾಗಿತು. ಅಂದು ಮಗನಿಗೆ ಒಂದು ಪ್ರಶ್ನೆಯನ್ನೂ ಕೇಳದೆ ಹರಸಿದವರು ನಾವೇ ಅಲ್ಲವೆ?

ಈ ಬಾರಿ ಕಾಗದ ತೆಗೆದುಕೊಂಡು ಲೆಕ್ಕಕ್ಕೆ ಕುಳಿತೆವು. ಆ ಕುಟುಂಬದ ವರಮಾನಕ್ಕೆ ಬೋಧನಾ ಶುಲ್ಕದ ಮೂರರಲ್ಲಿ ಎರಡು ಪಾಲು ಮಾಫಿಯಾಗುತ್ತದೆ. ಉಳಿದ ಶುಲ್ಕ, ವಸತಿ, ಊಟಕ್ಕೆ ಬ್ಯಾಂಕಿನ ಸಾಲ ಸಾಕು, ಹೊಲ ಮುಟ್ಟಬೇಕಿಲ್ಲ. ದೂರವೆಷ್ಟು? ಸೇಡಂನಿಂದ ರೈಲಿನಲ್ಲಿ ಸಿಕಂದರಾಬಾದು, ಅಲ್ಲಿಂದ ಕಾಜೀಪೇಟೆ. ಒಟ್ಟು ಸುಮಾರು 300 ಕಿಲೋಮೀಟರು. ಬೆಂಗಳೂರು ಅದರ ಸರಿಸುಮಾರು ಎರಡರಷ್ಟು ದೂರ, ಸುರತ್ಕಲ್ ಇನ್ನೂ ದೂರ. ಮಗಳು ವಾರಂಗಲ್ಲನ್ನು ಸುರತ್ಕಲ್ಲಿಗಿಂತ ಮೇಲೆ ಬರೆದುದೂ ಈ ಕಾರಣಕ್ಕೇ ಅಂತೆ; ಹಬ್ಬಕ್ಕೆ ಊರಿಗೆ ಬರಲು ಸುಲಭವೆಂದು. ಅದನ್ನು ತಂದೆ ಅಂದೇ ಮೊದಲು ಕೇಳಿದ್ದು.

ಕಲಬುರಗಿಯ ಕಾಲೇಜನ್ನು ಅವಳು ತಾನಾಗಿ ಆರಿಸಿಕೊಂಡಿದ್ದರೆ ನಾವು ಸಂತೋಷದಿಂದಲೇ ಒಪ್ಪುತ್ತಿದ್ದೆವು. ಅಲ್ಲಿ ಓದಿ ಮುಂದೆ ಬಂದವರನ್ನು ನಾವು ಬಲ್ಲೆವು. ಆದರೆ ಅವಳು ಗೆದ್ದ ಸೀಟನ್ನು ಅವಳು ಹೆಣ್ಣೆಂಬ ಕಾರಣಕ್ಕೆ ಬಿಟ್ಟುಕೊಡಿಸುವುದು ಹೇಗೆ? ಪೂಜೆ ಪುನಸ್ಕಾರ ತಪ್ಪೀತೆಂದು ತಾಯಿ ಅಳುಕಿದರು. ಇಷ್ಟಲಿಂಗ ಊರಿನ ಗುಡಿಯಲ್ಲಿಲ್ಲ ತಾಯಿ, ಮಗಳ ಕೊರಳಲ್ಲಿಯೇ ಇದೆ ಎಂದೆವು. ತಂದೆ ಮಾತ್ರ ಏನನ್ನೂ ಹೇಳದೆ, ಲೆಕ್ಕದ ಕಾಗದವನ್ನು ಮಡಚಿ ಅಂಗಿಯ ಜೇಬಿನಲ್ಲಿಟ್ಟುಕೊಂಡು ಎದ್ದರು.

ಸೀಟು ಒಪ್ಪಿಕೊಳ್ಳುವ ಕೊನೆಯ ದಿನ ಸಂಜೆ ದೂರವಾಣಿ ಬಂತು. ಹಣ ಕಟ್ಟಿದ್ದಾಯಿತೆಂದು ಒಂದೇ ಮಾತಿನಲ್ಲಿ ಹೇಳಿ ತಂದೆ ಸುಮ್ಮನಾದರು. ಹಿಂದಿನಿಂದ ತಾಯಿಯ ಧ್ವನಿ ಕೇಳಿಸುತ್ತಿತ್ತು: ಆ ಕಡೆ ಜೋಳದ ರೊಟ್ಟಿ ಸಿಗುತ್ತದೆಯೇ, ಗುರುಗಳನ್ನು ಕೇಳಿರಿ ಎಂದು. ತೆಲಂಗಾಣದವರೂ ಜೋಳ ಬೆಳೆದು ರೊಟ್ಟಿ ತಟ್ಟುವವರೇ, ಅವರ ಬಾಯಲ್ಲಿ ಅದು ಜೊನ್ನ ರೊಟ್ಟೆ, ಎಂದು ತಿಳಿಸಿದೆವು.