ಹದಿನೆಂಟು ಕಚೇರಿಗಳ ಕೆಂಪು ಕಟ್ಟಡ

ಜಮಾಅತಿನ ಜಾಗದ ಒಂದು ವಿಷಯಕ್ಕೆ ಕಳೆದ ತಿಂಗಳು ನಾವೂ ನಮ್ಮ ಕಾರ್ಯದರ್ಶಿ ಹಾಜಿಯವರೂ ರಾತ್ರಿ ಬಸ್ಸು ಹಿಡಿದು ಬೆಂಗಳೂರಿಗೆ ಹೋಗಿದ್ದೆವು. ವಕೀಲರು ಸಿಗುವುದು ಮಧ್ಯಾಹ್ನದ ಮೇಲೆ. ಹೈಕೋರ್ಟಿನ ಎದುರು ನಿಂತು ಹಾಜಿಯವರು ಆ ಕೆಂಪು ಕಟ್ಟಡವನ್ನು ನೋಡಿ, "ಉಸ್ತಾದ್, ಇದು ಎಂತ ಹಳೇದು ಮಾರಾಯ್ರೆ, ಇನ್ನೂ ಇಟ್ಟುಕೊಂಡಿದ್ದಾರಲ್ಲ!" ಎಂದರು. ಅವರು ಹಾಗೆ ಹೇಳಲು ಕಾರಣ ಉಂಟು. ಊರಿನಲ್ಲಿ ನಮ್ಮ ಹಂಚಿನ ಮಾಡಿನ ಹಳೆ ಮದರಸ ಒಡೆಯುವ ಮಾತು ನಡೆಯುತ್ತಾ ಇದೆ.

ಆ ಕೆಂಪು ಕಟ್ಟಡದ ಹೆಸರು ಅಠಾರಾ ಕಚೇರಿ. ಅಠಾರಾ ಎಂದರೆ ಹದಿನೆಂಟು. ಮೈಸೂರು ಸಂಸ್ಥಾನದ ಹದಿನೆಂಟು ಇಲಾಖೆಗಳು ಒಂದೇ ಸೂರಿನಡಿ ಇದ್ದುದರಿಂದ ಜನರ ಬಾಯಲ್ಲಿ ಬಂದ ಹೆಸರು ಅದು. 1868ರಲ್ಲಿ ಕಟ್ಟಿ ಮುಗಿಯಿತು. ಕೆಲಸದ ಹೊಣೆ ಹೊತ್ತವರು ಮುಖ್ಯ ಎಂಜಿನಿಯರ್ ರಿಚರ್ಡ್ ಸ್ಯಾಂಕಿ, ಕಟ್ಟಿಸಿದ ಗುತ್ತಿಗೆದಾರರು ಆರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರ್. ಎರಡು ಅಂತಸ್ತು, ಕಲ್ಲು ಇಟ್ಟಿಗೆಯ ಗೋಡೆ, ಉದ್ದಕ್ಕೂ ಸಾಲುಕಂಬದ ಜಗಲಿ. ಕಂಬಗಳು ಗ್ರೀಕ್ ಮಾದರಿಯವು. ಬಿಸಿಲು ನೇರ ಕೋಣೆಗೆ ಬೀಳದ ಹಾಗೆ, ಅರ್ಜಿ ಹಿಡಿದು ಬಂದವರು ನೆರಳಿನಲ್ಲಿ ನಿಲ್ಲುವ ಹಾಗೆ ಆ ಜಗಲಿ.

ಅದಕ್ಕೂ ಮೊದಲು ಈ ಇಲಾಖೆಗಳು ಎಲ್ಲಿದ್ದವು? ಕೋಟೆಯ ಟಿಪ್ಪು ಅರಮನೆಯಲ್ಲಿ. ಹೈದರಾಲಿ 1781ರಲ್ಲಿ ಶುರು ಮಾಡಿ, ಟಿಪ್ಪು ಸುಲ್ತಾನ್ 1791ರಲ್ಲಿ ಮುಗಿಸಿದ ಅರಮನೆ ಅದು. ಕಲ್ಲಿನ ಪೀಠದ ಮೇಲೆ ಸಾಗುವಾನಿ ಕಂಬಗಳು, ಕಂಬದಿಂದ ಕಂಬಕ್ಕೆ ಕೆತ್ತನೆಯ ಕಮಾನು, ಮೇಲೆ ದರ್ಬಾರಿನ ಮೊಗಸಾಲೆ. ಅದಕ್ಕೆ 'ರಶ್ಕೆ ಜನ್ನತ್' ಎಂಬ ಹೆಸರು, ಸ್ವರ್ಗವೇ ಅಸೂಯೆಪಡುವಂಥದ್ದು ಎಂದರ್ಥ. ಅದೇ 1791ರಲ್ಲಿ ಕಾರ್ನ್‌ವಾಲಿಸನ ಸೈನ್ಯ ಬೆಂಗಳೂರು ಕೋಟೆಯನ್ನು ಹಿಡಿಯಿತು. 1831ರಲ್ಲಿ ಬ್ರಿಟಿಷರು ಮೈಸೂರಿನ ಆಡಳಿತ ತಮ್ಮ ಕೈಗೆ ತೆಗೆದುಕೊಂಡ ಮೇಲೆ ಸುಲ್ತಾನರ ಅರಮನೆಯೇ ಅವರ ಸೆಕ್ರೆಟರಿಯೇಟ್ ಆಯಿತು. ಅಠಾರಾ ಕಚೇರಿ ಎದ್ದು ನಿಲ್ಲುವವರೆಗೂ ಫೈಲುಗಳೆಲ್ಲ ಅಲ್ಲೇ.

ರಾಜರು ಹೋದರು, ದೊರೆಗಳೂ ಹೋದರು, ಕಚೇರಿಯ ಮಾತು ಉಳಿಯಿತು. ಮಕ್ಕಳಿಗೆ ಅರಬಿ ಕಲಿಸುವ ನಮಗೆ ಇದು ಬಹಳ ಖುಷಿಯ ವಿಷಯ. ಅರ್ಜಿ ಎಂಬುದು 'ಅರ್ಳ್' ಎಂಬ ಅರಬಿ ಪದದಿಂದ ಬಂದದ್ದು, ಮುಂದಿಡುವುದು ಎಂದರ್ಥ. ತಾಲೂಕು ಎಂದರೆ 'ತಅಲ್ಲುಕ್', ಸಂಬಂಧ. ತಹಶೀಲ್ದಾರರ 'ತಹ್ಸೀಲ್' ಎಂದರೆ ವಸೂಲಿ. ವಕೀಲ ಎಂದರೆ ನಾವು ನಂಬಿ ಕೆಲಸ ವಹಿಸಿದವರು. ಇವೆಲ್ಲ ಇವತ್ತು ಅಚ್ಚ ಕನ್ನಡದ ಮಾತೇ ಆಗಿಬಿಟ್ಟಿವೆ. ಯಾರದೂ ಅಲ್ಲ, ಎಲ್ಲರದ್ದು.

ರಸ್ತೆಯ ಆಚೆ ಕಡೆ ವಿಧಾನಸೌಧ. 1951ರ ಜುಲೈ 13ರಂದು ನೆಹರೂ ಅದಕ್ಕೆ ಅಡಿಗಲ್ಲು ಇಟ್ಟರು. ಕೆಂಗಲ್ ಹನುಮಂತಯ್ಯನವರು ಮುಖ್ಯಮಂತ್ರಿಯಾದ ಮೇಲೆ ಮೊದಲಿನ ನಕ್ಷೆ ಬಿಟ್ಟು, ನಮ್ಮ ನಾಡಿನ ಶಿಲ್ಪ ಕಾಣಬೇಕು ಎಂದು ದೊಡ್ಡದಾಗಿ ಕಟ್ಟಿಸಿದರು. ನಕ್ಷೆಯ ಮುಖ್ಯ ಹೊಣೆ ಬಿ.ಆರ್. ಮಾಣಿಕ್ಯಂ ಅವರದು. ಸುಮಾರು 5,000 ಕೂಲಿಗಳು ದುಡಿದರು, ಅವರಲ್ಲಿ ಅನೇಕರು ಜೈಲಿನ ಕೈದಿಗಳು. ಕಲ್ಲುಕುಟಿಗರು, ಬಡಗಿಗಳು ಬೇರೆ. ಉದ್ದ 700 ಅಡಿ. ಮುಂಭಾಗದಲ್ಲಿ 'ಸರ್ಕಾರದ ಕೆಲಸ ದೇವರ ಕೆಲಸ' ಎಂದು ಬರೆದಿದೆ. ಕಟ್ಟಡ ಮುಗಿದದ್ದು 1956ರಲ್ಲಿ. ಕಟ್ಟಿಸಿದ ಹನುಮಂತಯ್ಯನವರೇ ಆ ವರ್ಷ ಅಧಿಕಾರ ಬಿಡಬೇಕಾಯಿತು.

ನಮ್ಮ ಕರಾವಳಿಗೂ ಅದು ನೆನಪಿಡಬೇಕಾದ ವರ್ಷ. ಅಲ್ಲಿಯವರೆಗೆ ದಕ್ಷಿಣ ಕನ್ನಡ ಮದ್ರಾಸಿಗೆ ಸೇರಿತ್ತು. ನಮ್ಮ ಹಿರಿಯರ ದೊಡ್ಡ ಅರ್ಜಿಗಳೆಲ್ಲ ಮದ್ರಾಸಿಗೇ ಹೋಗಬೇಕಿತ್ತು. 1956ರ ನವೆಂಬರ್ 1ರಿಂದ ಬೆಂಗಳೂರು ನಮ್ಮ ರಾಜಧಾನಿಯಾಯಿತು.

ಸೆಕ್ರೆಟರಿಯೇಟ್ ಎದುರಿನ ಸೌಧಕ್ಕೆ ಹೋಯಿತು, ಕೆಂಪು ಕಟ್ಟಡ ಹೈಕೋರ್ಟಿಗೆ ಉಳಿಯಿತು. ಆದರೆ 1980ರ ದಶಕದಲ್ಲಿ ಅದನ್ನು ಒಡೆಯುವ ಯೋಚನೆ ಬಂತು. ಹಳೆಯದಾಯಿತು, ಜಾಗ ಸಾಲುವುದಿಲ್ಲ ಎಂಬ ಮಾತು. ಬೆಂಗಳೂರಿನ ಜನ ಸುಮ್ಮನೆ ಕೂರಲಿಲ್ಲ. ವಿಷಯ ಕೋರ್ಟಿನ ಮೆಟ್ಟಿಲು ಹತ್ತಿತು. ಯಾವ ಕಟ್ಟಡ ಒಡೆಯಬೇಕೆಂದಿತ್ತೋ ಅದೇ ಕಟ್ಟಡದ ಒಳಗೆ ಅದರ ಅಳಿವು ಉಳಿವಿನ ವಾದ ನಡೆಯಿತು! ಕೊನೆಗೆ ಉಳಿಯಿತು. ಜಾಗ ಬೇಕಾದದ್ದಕ್ಕೆ ಮುಂದೆ ಹಿಂದುಗಡೆ ಕಟ್ಟಡ ಬೆಳೆಸಿದರು.

ಇದನ್ನೆಲ್ಲ ಹೇಳಿದಾಗ ಹಾಜಿಯವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಅಂದ್ರೆ ನಾವು ಸಹ ಹಿಂದೆ ಕಟ್ಟಬಹುದಲ್ಲ ಉಸ್ತಾದ್" ಎಂದರು. ನಾವು ಬಂದರಿನ ಝೀನತ್ ಬಕ್ಷ್ ಮಸೀದಿಯನ್ನು ನೆನಪು ಮಾಡಿದೆವು. ಅಲ್ಲಿನ ಸಾಗುವಾನಿ ಕಂಬಗಳ ನಡುವೆ ನಿಂತು ನಮಾಝ್ ಮಾಡಿದವರಿಗೆ ಆ ತಂಪು ಎಂತದ್ದು ಎಂದು ಹೇಳಿ ಕೊಡಬೇಕಾಗಿಲ್ಲ. ಕಾಂಕ್ರೀಟಿನ ಕೆಳಗೆ ನಾಲ್ಕು ಫ್ಯಾನ್ ಹಾಕಿದರೂ ಅದು ಬರುವುದಿಲ್ಲ.

ಹಳತೆಲ್ಲ ಇಡಬೇಕು ಎಂದು ನಾವು ಹೇಳುವುದಿಲ್ಲ. ಮಕ್ಕಳ ತಲೆ ಮೇಲೆ ಬೀಳುವಂಥ ಮಾಡನ್ನು ಪ್ರೀತಿಯಿಂದ ಇಟ್ಟುಕೊಳ್ಳುವುದು ತಪ್ಪೇ. ಆದರೆ ಒಡೆಯುವ ಮೊದಲು ತಿಳಿದವರೊಬ್ಬರಿಗೆ ತೋರಿಸಿ, ಮರ ಗಟ್ಟಿ ಉಂಟಾ ಎಂದು ಕೇಳುವುದಕ್ಕೆ ಖರ್ಚು ಎಷ್ಟು? ಒಡೆಯಲು ಒಂದು ದಿನ ಸಾಕು. ನಮ್ಮ ಅಜ್ಜಂದಿರು ಹೊಳೆಯಲ್ಲಿ ದೋಣಿ ಕಟ್ಟಿ ತಂದ ಮರವನ್ನು ಮತ್ತೆ ತರಲು ಯಾರಿಂದಲೂ ಆಗದು.

ಬರುವ ಶುಕ್ರವಾರ ಜುಮಾ ಆದ ಮೇಲೆ ಜಮಾಅತಿನ ಸಭೆ ಇದೆ. ಈ ಸಲ ಎಂಜಿನಿಯರನ್ನು ಕರೆಸುವ ಪ್ರಸ್ತಾಪ ಇಡುವವರು ಹಾಜಿಯವರೇ. ತೀರ್ಮಾನ ಏನಾಗುತ್ತದೋ ಅಲ್ಲಾಹನೇ ಬಲ್ಲ. ನಿಮ್ಮ ಊರಿನಲ್ಲೂ ಇಂಥ ಮಾತು ಎದ್ದಿದ್ದರೆ, ಮುಂದಿನ ಸಲ ಬೆಂಗಳೂರಿಗೆ ಹೋದಾಗ ಅರ್ಧ ಗಂಟೆ ಆ ಕೆಂಪು ಕಟ್ಟಡದ ಎದುರು ನಿಂತು ಬನ್ನಿ.